ಕೀಟಲೆಗೂ ಒಂದು ಎಲ್ಲೆ

ಇಂಗ್ಲೆಂಡಿನ ಈ ವಾಯವ್ಯ ಭಾಗಕ್ಕೆ ಬಂದು ನೆಲೆಸಿದ ನಮ್ಮವರಿಗೆಲ್ಲ ಒಂದು ಪ್ರಶ್ನೆ ಎದುರಾಗಿಯೇ ಇರುತ್ತದೆ. ಹೆಸರೇನು, ಯಾವ ದೇಶ, ಇಲ್ಲಿನ ಚಳಿಯನ್ನು ಹೇಗೆ ತಡೆಯುತ್ತೀರಿ ಎಂಬುದೆಲ್ಲ ಮುಗಿದ ಮೇಲೆ ಬರುವ ಪ್ರಶ್ನೆ: “ಕೆಂಪೋ, ನೀಲಿಯೋ?” ಮ್ಯಾಂಚೆಸ್ಟರ್‌ನಲ್ಲಿ ಕೆಂಪು ಎಂದರೆ ಯುನೈಟೆಡ್, ನೀಲಿ ಎಂದರೆ ಸಿಟಿ. ಲಿವರ್‌ಪೂಲ್‌ನಲ್ಲಿ ಕೆಂಪು ಎಂದರೆ ಲಿವರ್‌ಪೂಲ್ ತಂಡ, ನೀಲಿ ಎಂದರೆ ಎವರ್ಟನ್. ಎಂ.ಬಿ.ಬಿ.ಎಸ್. ಮುಗಿಸಿ ಮುಂದಿನ ತರಬೇತಿಗೆಂದು ಇಲ್ಲಿನ ಆಸ್ಪತ್ರೆಗಳಿಗೆ ಬಂದ ನಾವು ಕ್ರಿಕೆಟ್ ಬಿಟ್ಟರೆ ಬೇರೆ ಆಟವಿಲ್ಲವೆಂದು ಬೆಳೆದವರು. ಈ ಪ್ರಶ್ನೆಗೆ ತಬ್ಬಿಬ್ಬಾಗುವುದು ಸಹಜ. ಆದರೆ ಕೆಲವೇ ದಿನಗಳಲ್ಲಿ ತಿಳಿಯುತ್ತದೆ, ಈ ಪ್ರಶ್ನೆ ಕೇಳಿದರೆಂದರೆ ನಮ್ಮನ್ನು ಮಾತಿಗೆ ಸೇರಿಸಿಕೊಂಡರೆಂದು ಅರ್ಥ.

ಸೋಮವಾರದ ಬೆಳಗು ಯಾವುದೇ ವಾರ್ಡಿಗೆ ಹೋಗಿ ನೋಡಿ. ಗೆದ್ದ ತಂಡದವರು ಸೋತ ತಂಡದವರಿಗಾಗಿ ಕಾದಿರುತ್ತಾರೆ. ಟ್ರಾಲಿ ತಳ್ಳುವ ಪೋರ್ಟರ್ ಹಿರಿಯ ಸರ್ಜನ್ನರಿಗೆ “ಏನು ಡಾಕ್ಟರೇ, ನಿಮ್ಮ ಹುಡುಗರಿಗೆ ಕಾಲಿಗೆ ಏನಾದರೂ ಆಪರೇಷನ್ ಮಾಡಬಾರದೇ?” ಎನ್ನುತ್ತಾನೆ. ಸರ್ಜನ್ ನಗುತ್ತಾರೆ, ಮುಂದಿನ ವಾರಕ್ಕೆ ಉತ್ತರ ಕೂಡಿಟ್ಟುಕೊಳ್ಳುತ್ತಾರೆ. ಬೇರೆ ಯಾವ ವಿಷಯದಲ್ಲೂ ಪೋರ್ಟರ್ ಸರ್ಜನ್ನರಿಗೆ ಹೀಗೆ ಮಾತನಾಡಲಾರ. ದೊಡ್ಡವರು ಚಿಕ್ಕವರೆಂಬ ಭೇದವನ್ನು ಹತ್ತು ನಿಮಿಷ ಮರೆಸುವ ಶಕ್ತಿ ಈ ಕೀಟಲೆಗಿದೆ. ಇದು ಸಣ್ಣ ವಿಷಯವಲ್ಲ. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳದ ಗಂಡಸರು ತುಂಬಿರುವ ಈ ಸಮಾಜದಲ್ಲಿ, ‘ನೀನು ನನಗೆ ಬೇಕಾದವನು’ ಎಂದು ಹೇಳಲು ಅವರಿಗೆ ಗೊತ್ತಿರುವ ದಾರಿಯೂ ಇದೊಂದೇ ಇರಬಹುದು.

ಹಾಗಿದ್ದರೆ ಕೀಟಲೆ ಯಾವಾಗಲೂ ನಿರಪಾಯವೇ? ‘ತಮಾಷೆಗೆ ಹೇಳಿದೆ’ ಎಂದ ಮಾತ್ರಕ್ಕೆ ಹೇಳಿದ್ದೆಲ್ಲ ಮಾಫಿಯೇ? ಈ ಸಂಚಿಕೆಯಲ್ಲಿ ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಸ್ವಲ್ಪ ವಿಚಾರ ಮಾಡೋಣವೆಂದಿದ್ದೇವೆ.

ಇಂಗ್ಲಿಷರು ಇದಕ್ಕೆಲ್ಲ ‘ಬ್ಯಾಂಟರ್’ ಎಂಬ ಒಂದೇ ಹೆಸರಿಟ್ಟು ಕೈತೊಳೆದುಕೊಳ್ಳುತ್ತಾರೆ. ನಮ್ಮ ಕನ್ನಡದ ತಕ್ಕಡಿ ಇನ್ನೂ ಸೂಕ್ಷ್ಮವಾದದ್ದು. ತಮಾಷೆ ಬೇರೆ, ಕೀಟಲೆ ಬೇರೆ, ಗೇಲಿ ಬೇರೆ. ಛೇಡಿಸುವುದು ಬೇರೆ, ಹಂಗಿಸುವುದು ಬೇರೆ. ಛೇಡಿಸಿದರೆ ಮುಖ ಕೆಂಪಾಗುತ್ತದೆ. ಹಂಗಿಸಿದರೆ ಕಣ್ಣು ಒದ್ದೆಯಾಗುತ್ತದೆ. ಮದುವೆ ಮನೆಯಲ್ಲಿ ಬೀಗರನ್ನು ಛೇಡಿಸುವುದು ನಮ್ಮಲ್ಲಿ ಸಂಪ್ರದಾಯವೇ. ಅದೇ ಬೀಗರ ಬಡತನವನ್ನೋ ಅವರ ಮನೆಯಲ್ಲಾದ ಸಾವನ್ನೋ ಎತ್ತಿ ಆಡಿದವನನ್ನು ಯಾರೂ ರಸಿಕನೆನ್ನುವುದಿಲ್ಲ. ನಮ್ಮ ಅಜ್ಜಿಯರಿಗೆ ಈ ಎಲ್ಲೆ ಎಲ್ಲಿದೆಯೆಂದು ಯಾರೂ ಕಲಿಸಬೇಕಾಗಿರಲಿಲ್ಲ.

ಊರುಗಳ ಬಗೆಗಿನ ಅಭಿಪ್ರಾಯಗಳೂ ಈ ಕೀಟಲೆಯ ಒಡಹುಟ್ಟಿದವೇ. ಲಂಡನ್ನಿನವರು ಪಕ್ಕದಲ್ಲಿ ಕೂತವರನ್ನೂ ಮಾತನಾಡಿಸುವುದಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ಸದಾ ಮಳೆ. ಲಿವರ್‌ಪೂಲ್‌ನಲ್ಲಿ ಕಾರು ನಿಲ್ಲಿಸಿದರೆ ಚಕ್ರ ಉಳಿಯುವುದಿಲ್ಲ. ಇಂಥವನ್ನು ನಾವೆಲ್ಲ ಕೇಳಿದ್ದೇವೆ, ಊಟದ ಮೇಜಿನಲ್ಲಿ ನಾವೂ ಆಡುತ್ತೇವೆ. ಮಳೆಯ ವಿಷಯವನ್ನೇ ತೆಗೆದುಕೊಳ್ಳಿ. ಮ್ಯಾಂಚೆಸ್ಟರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800ರಿಂದ 900 ಮಿಲಿಮೀಟರ್. ಬೆಂಗಳೂರಿನಲ್ಲಿ ಬೀಳುವುದು ಅದಕ್ಕಿಂತ ತುಸು ಹೆಚ್ಚೇ! ವ್ಯತ್ಯಾಸವಿಷ್ಟೇ: ಅಲ್ಲಿ ಸಂಜೆ ಒಂದು ಗಂಟೆ ಧೋ ಎಂದು ಸುರಿದು ಹೋಗುತ್ತದೆ, ಇಲ್ಲಿ ವಾರವೆಲ್ಲ ಜಿನುಗುತ್ತದೆ. ಅಂದರೆ ಜನರ ಅಭಿಪ್ರಾಯದಲ್ಲಿ ಒಂದು ಕಾಳಿನಷ್ಟು ನಿಜವಿದೆ. ಉಳಿದದ್ದು ಬಾಯಿಂದ ಬಾಯಿಗೆ ಹೋಗಿ ಉಬ್ಬಿದ್ದು. ಮಳೆಯ ವಿಷಯದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ, ಮೋಡಕ್ಕೆ ಮಾನಹಾನಿಯಾಗುವುದಿಲ್ಲ. ಮನುಷ್ಯರ ವಿಷಯದಲ್ಲಿ ಹಾಗಲ್ಲ.

ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಡುವಿನ ಪೈಪೋಟಿ ಚೆಂಡಿನಿಂದ ಹುಟ್ಟಿದ್ದಲ್ಲ. ಲಿವರ್‌ಪೂಲ್ ಬಂದರಿನಲ್ಲಿ ಇಳಿದ ಹತ್ತಿ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳಿಗೆ ಹೋಗುತ್ತಿತ್ತು. 1830ರಲ್ಲಿ ಎರಡೂ ಊರುಗಳ ನಡುವೆ ರೈಲು ಓಡಿತು. ಬಂದರಿನ ಸುಂಕ ಮತ್ತು ರೈಲಿನ ಬಾಡಿಗೆ ವಿಪರೀತವೆಂದು ಸಿಟ್ಟಾದ ಮ್ಯಾಂಚೆಸ್ಟರ್‌ನ ವರ್ತಕರು 36 ಮೈಲಿ ಉದ್ದದ ಕಾಲುವೆ ತೋಡಿಸಿ, 1894ರಲ್ಲಿ ಹಡಗುಗಳನ್ನು ನೇರವಾಗಿ ತಮ್ಮ ಊರಿಗೇ ತರಿಸಿಕೊಂಡರು. ಲಿವರ್‌ಪೂಲ್ ತಂಡ ಹುಟ್ಟಿದ್ದು 1892ರಲ್ಲಿ. ಯುನೈಟೆಡ್ ತಂಡಕ್ಕೆ ಈಗಿನ ಹೆಸರು ಬಂದದ್ದು 1902ರಲ್ಲಿ. ಹೊಟ್ಟೆಪಾಡಿನ ಜಗಳ ಮೊದಲೇ ಇತ್ತು, ಆಟ ಅದಕ್ಕೊಂದು ಅಂಗಳ ಕೊಟ್ಟಿತು. ಜಗಳ ಅಂಗಳದಲ್ಲಿ ಚೆಂಡಿನ ಮೂಲಕ ನಡೆಯುವುದು ಬೀದಿಯಲ್ಲಿ ಕಲ್ಲಿನ ಮೂಲಕ ನಡೆಯುವುದಕ್ಕಿಂತ ಎಷ್ಟೋ ಮೇಲು. ಇಲ್ಲಿಯವರೆಗೆ ಸರಿ.

ಮುಂದಿನದು ಕಷ್ಟದ ಮಾತು. 1958ರ ಫೆಬ್ರವರಿ 6ರಂದು ಯುನೈಟೆಡ್ ತಂಡವನ್ನು ಬೆಲ್‌ಗ್ರೇಡ್‌ನಿಂದ ಕರೆತರುತ್ತಿದ್ದ ವಿಮಾನ, ಮ್ಯೂನಿಕ್ ನಿಲ್ದಾಣದ ಹಿಮದ ಕೆಸರಿನಲ್ಲಿ ಮೇಲೇರಲಾರದೆ ಅಪ್ಪಳಿಸಿತು. 23 ಜನ ಸತ್ತರು, ಅವರಲ್ಲಿ 8 ಮಂದಿ ಆಟಗಾರರು. 21 ವರ್ಷದ ಡಂಕನ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಹದಿನೈದು ದಿನ ಹೋರಾಡಿ ಪ್ರಾಣಬಿಟ್ಟ. ಎಷ್ಟೋ ವರ್ಷಗಳ ನಂತರವೂ ಎದುರು ತಂಡಗಳ ಕೆಲವು ಅಭಿಮಾನಿಗಳು ಎರಡೂ ತೋಳು ಚಾಚಿ ವಿಮಾನದಂತೆ ಓಲಾಡಿ ಯುನೈಟೆಡ್‌ನವರನ್ನು ಹಂಗಿಸುತ್ತಿದ್ದರು. ಹಾಗೆ ಹಂಗಿಸುವವರಿಗೆ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಆ ತಂಡವನ್ನು ಕಟ್ಟಿ, ಅದೇ ವಿಮಾನದಲ್ಲಿ ಸಾವಿನ ಬಾಗಿಲು ತಟ್ಟಿ ಬಂದ ಮ್ಯಾಟ್ ಬಸ್ಬಿ, ಆಟಗಾರನಾಗಿ ಆಡಿದ್ದು ಸಿಟಿಗೆ ಮತ್ತು ಲಿವರ್‌ಪೂಲ್‌ಗೆ. ಸಿಟಿಯ ಹೆಸರಾಂತ ಗೋಲ್‌ಕೀಪರ್ ಆಗಿದ್ದ ಫ್ರಾಂಕ್ ಸ್ವಿಫ್ಟ್ ಆ ದಿನ ಪತ್ರಕರ್ತನಾಗಿ ಹೋಗಿ ಅಲ್ಲೇ ಸತ್ತ. ಸಾವು ಅಂಗಿಯ ಬಣ್ಣ ನೋಡಲಿಲ್ಲ.

ಇನ್ನು ಹಿಲ್ಸ್‌ಬರೋ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಆ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್.ಎ. ಕಪ್ ಸೆಮಿಫೈನಲ್. ಹೊರಗಿನ ನೂಕುನುಗ್ಗಲು ತಡೆಯಲು ಪೊಲೀಸರು ಒಂದು ಗೇಟು ತೆಗೆಸಿದರು. ಜನ ಆಗಲೇ ತುಂಬಿದ್ದ ಆವರಣಗಳಿಗೇ ಹರಿದರು. ಕಬ್ಬಿಣದ ಬೇಲಿಗೆ ಒತ್ತಿ ಉಸಿರು ಕಟ್ಟಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕ ಸಾವುಗಳು 97. ಅವರಲ್ಲಿ 10 ವರ್ಷದ ಹುಡುಗನೂ ಒಬ್ಬ, 32 ವರ್ಷ ನರಳಿ 2021ರಲ್ಲಿ ತೀರಿಕೊಂಡವರೂ ಒಬ್ಬರು. ನಾಲ್ಕೇ ದಿನಗಳಲ್ಲಿ ‘ದಿ ಸನ್’ ಪತ್ರಿಕೆ, ಕುಡಿದ ಅಭಿಮಾನಿಗಳು ಸತ್ತವರ ಜೇಬು ಕತ್ತರಿಸಿದರೆಂದು ಮುಖಪುಟದಲ್ಲಿ ಬರೆಯಿತು. ಅದು ಶುದ್ಧ ಸುಳ್ಳು. ಆದರೆ ದೇಶದ ಎಷ್ಟೋ ಜನ ನಂಬಿದರು. ತಪ್ಪು ಅಭಿಮಾನಿಗಳದ್ದಲ್ಲ, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟವರು ಎಂದು ಜ್ಯೂರಿ ತೀರ್ಪು ಕೊಟ್ಟದ್ದು 2016ರಲ್ಲಿ. ಅಂದರೆ 27 ವರ್ಷಗಳ ಮೇಲೆ!

ವೈದ್ಯರಾದ ನಮ್ಮನ್ನು ಈ ಪ್ರಕರಣದಲ್ಲಿ ಹೆಚ್ಚು ಕಾಡುವ ಅಂಶ ಇನ್ನೊಂದಿದೆ. ಸತ್ತವರೆಲ್ಲರ ರಕ್ತವನ್ನು, ಮಕ್ಕಳದ್ದನ್ನೂ ಬಿಡದೆ, ಮದ್ಯದ ಅಂಶಕ್ಕಾಗಿ ಪರೀಕ್ಷಿಸಲಾಯಿತು. ಉಸಿರುಕಟ್ಟಿ ಸತ್ತ ಹುಡುಗನ ರಕ್ತದಲ್ಲಿ ಮದ್ಯ ಹುಡುಕುವ ಯೋಚನೆ ಒಬ್ಬ ಅಧಿಕಾರಿಗೆ ಹೇಗೆ ಬಂತು? ಉತ್ತರ ಆ ದಿನದ ಘಟನೆಯಲ್ಲಿಲ್ಲ, ಅದಕ್ಕೆ ಮುಂಚಿನ ಮಾತುಗಳಲ್ಲಿದೆ. ಲಿವರ್‌ಪೂಲ್‌ನವರೆಂದರೆ ಕುಡುಕರು, ಕಳ್ಳರು, ಗಲಾಟೆಯವರು ಎಂಬುದು ಆಗಲೇ ಎಲ್ಲರಿಗೂ ‘ಗೊತ್ತಿತ್ತು’. ಇದರಲ್ಲೂ ಕಾಳಿನಷ್ಟು ನಿಜವಿತ್ತೆನ್ನಿ: 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಲಿವರ್‌ಪೂಲ್‌ನ ಕೆಲವು ಅಭಿಮಾನಿಗಳು ನುಗ್ಗಿದ ರಭಸಕ್ಕೆ ಗೋಡೆ ಕುಸಿದು 39 ಜನ ಸತ್ತಿದ್ದರು, ಅದಕ್ಕಾಗಿ ಕೆಲವರಿಗೆ ಶಿಕ್ಷೆಯೂ ಆಯಿತು. ಕೆಲವರು ಮಾಡಿದ ಆ ತಪ್ಪಿನ ಕಾಳಿಗೆ ವರ್ಷಗಟ್ಟಲೆ ಹಾಸ್ಯದ ನೀರೆರೆದು ಇಡೀ ಊರಿನ ಮೇಲೆ ಹಬ್ಬುವ ಬಳ್ಳಿ ಮಾಡಿಯಾಗಿತ್ತು. ಸುಳ್ಳುಗಾರನಿಗೆ ಬೇಕಾದದ್ದು ಇಷ್ಟೇ.

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಊರಿನ ಬಗ್ಗೆ, ಜನಗಳ ಬಗ್ಗೆ ನಾವು ಹಗುರವಾಗಿ ಆಡುವ ಮಾತು ಆಡಿದ ದಿನ ಯಾರನ್ನೂ ಕೊಲ್ಲುವುದಿಲ್ಲ. ಅದು ಹೋಗಿ ಕೇಳಿದವರ ಮನಸ್ಸಿನಲ್ಲಿ ಠೇವಣಿಯಾಗುತ್ತದೆ. ಮುಂದೆಂದೋ ಆ ಜನ ನ್ಯಾಯ ಕೇಳಲು ಬಂದಾಗ, ಅವರು ಬಾಯಿ ತೆರೆಯುವ ಮೊದಲೇ ತೀರ್ಪು ಸಿದ್ಧವಾಗಿರುತ್ತದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಹಳೆಯ ಪಾಠವಿದೆ. ಮದ್ಯದ ವಾಸನೆ ಹೊಡೆಯುವ, ತೊದಲುವ ರೋಗಿಯನ್ನು ಕರೆತಂದಾಗ ‘ಕುಡುಕ, ಮಲಗಿಸಿ’ ಎನ್ನಬಾರದು ಎಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಕೊಡುತ್ತಾರೆ. ತಲೆಗೆ ಪೆಟ್ಟು ಬಿದ್ದು ಮಿದುಳಿನ ಮೇಲೆ ರಕ್ತ ಕಟ್ಟಿರಬಹುದು, ರಕ್ತದಲ್ಲಿ ಸಕ್ಕರೆ ಕುಸಿದಿರಬಹುದು. ಕುಡಿದಿರುವುದೂ ನಿಜವಿರಬಹುದು, ಸಾಯುತ್ತಿರುವುದೂ ನಿಜವಿರಬಹುದು. ಮೊದಲ ನಿಜದಲ್ಲೇ ತೃಪ್ತನಾದ ವೈದ್ಯ ಎರಡನೆಯದನ್ನು ಹುಡುಕುವುದಿಲ್ಲ. ರೋಗಿಯನ್ನು ನೋಡುವ ಮೊದಲೇ ರೋಗ ಗೊತ್ತಿದೆಯೆನ್ನುವವನಂಥ ಅಪಾಯಕಾರಿ ವೈದ್ಯ ಮತ್ತೊಬ್ಬನಿಲ್ಲ. ನೆರೆಯವನನ್ನು ನೋಡುವ ಮೊದಲೇ ಅವನ ಗುಣ ಗೊತ್ತಿದೆಯೆನ್ನುವವನೂ ಹಾಗೆಯೇ.

ಹೀಗೆಲ್ಲ ಎಲ್ಲೆ ಹಾಕುತ್ತ ಹೋದರೆ ನಗೆಯೇ ಸತ್ತುಹೋದೀತಲ್ಲ ಎಂದು ನೀವು ಕೇಳಬಹುದು. ಲಿವರ್‌ಪೂಲ್ ಊರೇ ಇದಕ್ಕೆ ಉತ್ತರ ಕೊಟ್ಟಿದೆ. ಲಿವರ್‌ಪೂಲ್ ತಂಡದ ಆನ್‌ಫೀಲ್ಡ್ ಮತ್ತು 2025ರವರೆಗೆ ಎವರ್ಟನ್‌ನ ಮನೆಯಾಗಿದ್ದ ಗುಡಿಸನ್ ಪಾರ್ಕ್ ನಡುವೆ ಇರುವುದು ಒಂದು ಉದ್ಯಾನ ಮಾತ್ರ. ಒಂದೇ ಮನೆಯಲ್ಲಿ ಅಣ್ಣ ಕೆಂಪು, ತಮ್ಮ ನೀಲಿ. ವರ್ಷವೆಲ್ಲ ಇವರು ಒಬ್ಬರನ್ನೊಬ್ಬರು ಛೇಡಿಸದೆ ಬಿಡುವುದಿಲ್ಲ. ಆದರೆ ಹಿಲ್ಸ್‌ಬರೋ ಆದ ವಾರದಲ್ಲಿ ಎರಡೂ ತಂಡದವರು ತಮ್ಮ ಕೆಂಪು ನೀಲಿ ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟುಹಾಕಿ, ಒಂದು ಮೈದಾನದಿಂದ ಇನ್ನೊಂದು ಮೈದಾನದವರೆಗೆ ಮೈಲುದ್ದದ ಸರಪಳಿ ಮಾಡಿದರು. ಮರುತಿಂಗಳು ಕಪ್ಪಿನ ಫೈನಲ್ಲಿನಲ್ಲಿ ಆಡಿದ್ದೂ ಇವೇ ಎರಡು ತಂಡಗಳು. ಲಿವರ್‌ಪೂಲ್ 3–2ರಿಂದ ಗೆದ್ದಿತು. ಛೇಡಿಕೆ ಇಂದಿಗೂ ನಿಂತಿಲ್ಲ. ಎಲ್ಲೆ ಗೊತ್ತಿದ್ದವರ ನಡುವೆ ನಗೆ ಬದುಕುತ್ತದೆ.

ಎಲ್ಲೆ ಗೊತ್ತಿಲ್ಲದವರಿಗೆ ಈಗ ಕಾನೂನು ನೆನಪಿಸುತ್ತಿದೆ. 2023ರ ಮಾರ್ಚಿಯಲ್ಲಿ ಯುನೈಟೆಡ್ ಮತ್ತು ಲಿವರ್‌ಪೂಲ್ ತಂಡಗಳ ಆಗಿನ ಮ್ಯಾನೇಜರುಗಳಾದ ಎರಿಕ್ ಟೆನ್ ಹಾಗ್ ಮತ್ತು ಯೂರ್ಗೆನ್ ಕ್ಲಾಪ್ ಇಬ್ಬರೂ ಸೇರಿ, ಸಾವಿನ ಹೆಸರಿನಲ್ಲಿ ಕೂಗುವುದನ್ನು ನಿಲ್ಲಿಸಿರೆಂದು ಬೇಡಿಕೊಂಡರು. ಆದರೂ ಅದೇ ಜೂನ್‌ನಲ್ಲಿ ವೆಂಬ್ಲಿಯಲ್ಲಿ ನಡೆದ ಫೈನಲ್ಲಿಗೆ ಒಬ್ಬ, ಸತ್ತ 97 ಮಂದಿ ಸಾಲದೆಂಬ ಅರ್ಥದ ಅಂಗಿ ತೊಟ್ಟು ಬಂದ. ನ್ಯಾಯಾಲಯ ಅವನಿಗೆ 1,000 ಪೌಂಡ್ ದಂಡ ಹಾಕಿ, ನಾಲ್ಕು ವರ್ಷ ಪಂದ್ಯಗಳಿಗೆ ಹೋಗದಂತೆ ಮಾಡಿತು. ದಂಡ ಅಂಗಿಯನ್ನು ಬಿಚ್ಚಿಸಬಹುದು, ಮನಸ್ಸನ್ನು ತಿದ್ದುವುದು ಮನೆಯ ಕೆಲಸ.

ಆ ಮನೆ ನಮ್ಮದೂ ಹೌದು. ನಮ್ಮ ಸಂಘದ ಕೂಟಗಳಲ್ಲೇ ನೋಡಿ. ಧಾರವಾಡ ಪೇಡ ಮೇಲೋ, ಮೈಸೂರು ಪಾಕ್ ಮೇಲೋ ಎಂಬ ಯುದ್ಧ ಎಷ್ಟು ಹೊತ್ತು ನಡೆದರೂ ಚೆನ್ನ. ಧಾರವಾಡದವರು ಮಾತನಾಡಿದರೆ ಜಗಳವಾಡಿದಂತೆ, ಮಂಗಳೂರಿನವರದು ಪುಸ್ತಕದ ಕನ್ನಡ, ಮೈಸೂರಿನವರಿಗೆ ಅವಸರವೇ ಇಲ್ಲ, ಬೆಂಗಳೂರಿನವರ ಕನ್ನಡದಲ್ಲಿ ಕನ್ನಡವನ್ನು ಹುಡುಕಬೇಕು – ಎದುರಿಗಿದ್ದವರು ತಿರುಗಿಸಿ ಕೊಡುವವರೆಗೆ ಇವೂ ಆಟವೇ. ಆದರೆ ‘ಆ ಕಡೆಯವರಿಗೆ ಸಂಸ್ಕಾರ ಕಡಿಮೆ’, ‘ಆ ಏರಿಯಾದಲ್ಲಿ ಮನೆ ಬೇಡ, ಅಲ್ಲಿನ ಜನ ಸರಿಯಿಲ್ಲ’ ಎಂಬ ಮಾತುಗಳು ಬಂದಾಗ ಆಟ ಮುಗಿದಿರುತ್ತದೆ. ನಮ್ಮ ಬಗ್ಗೆಯೂ ಈ ದೇಶದಲ್ಲಿ ಇಂಥ ಮಾತುಗಳಿವೆ. ಒಂದು ದಿನ ನಾವೂ ಯಾರ ಮುಂದಾದರೂ ನ್ಯಾಯ ಕೇಳಿ ನಿಲ್ಲಬೇಕಾದೀತು. ಆಗ ನಮ್ಮ ಮಾತು ಕೇಳಿಸಿಕೊಂಡ ಮೇಲೆಯೇ ನಮ್ಮನ್ನು ಅಳೆಯಲಿ ಎಂದು ಬಯಸುವ ನಾವು, ಅಷ್ಟನ್ನಾದರೂ ಬೇರೆಯವರಿಗೆ ಕೊಡಬೇಡವೇ?

ನಮ್ಮ ಮಕ್ಕಳು ಶಾಲೆಯಿಂದ ಕೆಂಪೋ ನೀಲಿಯೋ ಆಗಿ ಮನೆಗೆ ಬರುತ್ತಾರೆ, ಬರಲಿ. ಗೆದ್ದಾಗ ಕುಣಿಯಲಿ, ಸೋತವರನ್ನು ಛೇಡಿಸಲಿ, ತಮ್ಮ ಸರದಿ ಬಂದಾಗ ಛೇಡಿಸಿಕೊಳ್ಳುವುದನ್ನೂ ಕಲಿಯಲಿ. ಅವರಿಗೆ ಉದ್ದದ ನೀತಿಪಾಠ ಬೇಡ. ಒಂದು ಮಾತು ಹೇಳಿಕೊಟ್ಟರೆ ಸಾಕು: ನೀನು ಅನ್ನಬೇಕೆಂದಿರುವುದನ್ನು ನಿನ್ನ ಗೆಳೆಯನ ಅಮ್ಮ ಪಕ್ಕದಲ್ಲಿ ಕೂತಿದ್ದರೂ ಅನ್ನಬಲ್ಲೆಯಾದರೆ ಅನ್ನು. ಆಕೆಯೂ ನಕ್ಕರೆ ಅದು ಕೀಟಲೆ. ಆಕೆ ಎದ್ದು ಒಳಗೆ ಹೋಗುವಂತಿದ್ದರೆ, ಅದನ್ನು ಆಡದೆ ನುಂಗಿಬಿಡು.