ಕಸಿಯ ಮರಕ್ಕೆ ಜೀವ ಒಂದೋ ಎರಡೋ

ಕಾರ್ಯಕಾರಣ ಸಂಬಂಧವನ್ನು ವಿವರಿಸಬೇಕಾಗಿ ಬಂದಾಗಲೆಲ್ಲ ಭಾರತೀಯ ದಾರ್ಶನಿಕರು ಬೀಜ ಮತ್ತು ಮೊಳಕೆಯ ದೃಷ್ಟಾಂತವನ್ನು ಎತ್ತಿಕೊಂಡಿದ್ದಾರೆ. ಬೀಜದಿಂದ ಮರ, ಮರದಿಂದ ಬೀಜ ಎಂದು ಆದಿಯಿಲ್ಲದೆ ಸಾಗುವ ಈ ಸರಣಿಗೆ ಬೀಜಾಂಕುರ ನ್ಯಾಯವೆಂದು ಹೆಸರು. ಕರ್ಮ ಮೊದಲೋ ದೇಹ ಮೊದಲೋ ಎಂಬ ಆಕ್ಷೇಪಕ್ಕೆ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕೊಡುವ ಉತ್ತರವೂ ಇದನ್ನೇ ಆಧರಿಸಿದೆ. ಆದರೆ ಅವರ ಗುರುವಿನ ಗುರುಗಳೆಂದು ಪರಂಪರೆ ಹೇಳುವ ಗೌಡಪಾದರು ತಮ್ಮ ಕಾರಿಕೆಗಳಲ್ಲಿ ಈ ದೃಷ್ಟಾಂತವನ್ನು ಸಾಧ್ಯಸಮ, ಅಂದರೆ ಸಾಧಿಸಬೇಕಾದ ಸಂಗತಿಯಷ್ಟೇ ತಾನೂ ಅಸಿದ್ಧವಾದದ್ದು, ಎಂದು ಒಪ್ಪದೆ ಬಿಡುತ್ತಾರೆ. ಶೃಂಗೇರಿ ಮಠವಿರುವ ಚಿಕ್ಕಮಗಳೂರು ಜಿಲ್ಲೆಯಲ್ಲೇ, ಮೂಡಿಗೆರೆ ಮತ್ತು ಕಳಸದ ಕಾಫಿ ತೋಟಗಳ ನಡುವೆ ನಿಂತ ಕಿತ್ತಳೆ ಮರ ಗೌಡಪಾದರ ಈ ಸಂಶಯಕ್ಕೆ ಅನಿರೀಕ್ಷಿತವಾಗಿ ಬಲ ಕೊಡುತ್ತದೆ. ಬೀಜ ಒಂದಾದರೆ ಮೊಳಕೆ ಒಂದು, ಮರ ಒಂದಾದರೆ ಜೀವ ಒಂದು ಎಂಬ ಎಣಿಕೆ ಈ ಕುಲದಲ್ಲಿ ಎರಡು ಕಡೆ ತಪ್ಪುತ್ತದೆ: ಒಮ್ಮೆ ಬೀಜದೊಳಗೆ, ಇನ್ನೊಮ್ಮೆ ಕಸಿಯ ಗಂಟಿನಲ್ಲಿ.

ಕೊಡಗಿನ ಕಿತ್ತಳೆ ಎಂದು ಹೆಸರಾದ, ಈ ಬೆಟ್ಟಗಳಲ್ಲೂ ಕಾಫಿ, ಮೆಣಸುಗಳ ಜೊತೆಗೆ ಬೆಳೆದು ಬಂದ ತಳಿಯ ಒಂದೇ ಬೀಜವನ್ನು ಪಾತಿಗೆ ಹಾಕಿದರೆ ಎರಡು ಮೂರು ಮೊಳಕೆಗಳು ಏಳುವುದುಂಟು. ನಿಂಬೆ ಕುಲದ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದನ್ನು ಡಚ್ ವಿಜ್ಞಾನಿ ಲೇವೆನ್‌ಹುಕ್ 1719ರಲ್ಲೇ ಕಂಡಿದ್ದರು. ಆ ಹೆಚ್ಚಿನ ಭ್ರೂಣಗಳು ಪರಾಗದ ಸಂಯೋಗದಿಂದ ಹುಟ್ಟಿದವಲ್ಲ, ನ್ಯೂಸೆಲಸ್ ಎಂಬ, ಅಂಡಕದೊಳಗಿನ ತಾಯಿಮರದ ಅಂಗಾಂಶದಿಂದಲೇ ನೇರವಾಗಿ ಮೂಡಿದವು ಎಂಬುದನ್ನು 1878ರಲ್ಲಿ ಸ್ಟ್ರಾಸ್‌ಬರ್ಗರ್ ತೋರಿಸಿದರು. ಹೀಗೆ ಒಂದು ಸಿಪ್ಪೆಯೊಳಗೆ ತಂದೆತಾಯಿಗಳಿಬ್ಬರ ಮಗುವೂ ತಾಯಿಯ ಪಡಿಯಚ್ಚುಗಳೂ ಒಟ್ಟಿಗೆ ಮಲಗಿರುತ್ತವೆ, ಮತ್ತು ಪಾತಿಯಲ್ಲಿ ಬೇರೆಯಾಗಿ ಕಾಣುವ ಸೊರಗಿದ ಸಸಿಯನ್ನು ಕಿತ್ತೆಸೆಯುವಾಗ ಬೆಳೆಗಾರ ಬಹುಮಟ್ಟಿಗೆ ಕೀಳುವುದು ನಿಜವಾದ ಮಗುವನ್ನೇ. ಚಕ್ಕೋತ ಮತ್ತು ಮಾದಲಗಳಲ್ಲಿ ಈ ವಿಶೇಷವಿಲ್ಲ. ಅವುಗಳ ಬೀಜಕ್ಕೆ ಒಂದೇ ಭ್ರೂಣ.

ಉಳಿಸಿಕೊಂಡ ಸಸಿಯು ಆನುವಂಶಿಕವಾಗಿ ತಾಯಿಯೇ ಆಗಿದ್ದರೂ ತಾಯಿಯ ವಯಸ್ಸನ್ನು ಉಳಿಸಿಕೊಂಡಿರುವುದಿಲ್ಲ. ಅದು ಮೈತುಂಬ ಮುಳ್ಳು ಬಿಟ್ಟುಕೊಂಡು, ಫಲಕ್ಕೆ ಬರಲು ಹಲವು ವರ್ಷ ಕಾಯಿಸುತ್ತದೆ. ತಾಯಿಮರದಲ್ಲಿದ್ದ ಟ್ರಿಸ್ಟೆಜಾದಂಥ ನಂಜುರೋಗವೂ ಬೀಜದ ದಾರಿಯಲ್ಲಿ ಇದಕ್ಕೆ ಬರುವುದಿಲ್ಲ. ಅದೇ ಮರದ ಕೊಂಬೆಯಿಂದ ಒಂದು ಕಣ್ಣನ್ನು ಎಬ್ಬಿ ಕಸಿ ಕಟ್ಟಿದರೆ ಗಿಡ ಬೇಗ ಫಲ ಕೊಡುತ್ತದೆ, ಏಕೆಂದರೆ ಆ ಕಣ್ಣು ಪ್ರೌಢ ಮರದ ವಯಸ್ಸನ್ನು ಹೊತ್ತು ಬಂದಿರುತ್ತದೆ, ರೋಗವಿದ್ದರೆ ರೋಗವನ್ನೂ. ಕರ್ಮಸಿದ್ಧಾಂತದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಸಂಚಿತವನ್ನು ಕಳೆದುಕೊಂಡ ಜನ್ಮ, ಎರಡನೆಯದು ಸಂಚಿತದೊಂದಿಗೇ ಬಂದ ಜನ್ಮ. ಆದರೆ ಎರಡೂ ಆ ಮರವೇ ಆಗಿರುವಾಗ ‘ಅದೇ ಮರ’ ಎಂಬ ಮಾತಿಗೆ ಏನರ್ಥ ಎಂಬ ಪ್ರಶ್ನೆ ಉಳಿಯುತ್ತದೆ. ಆನುವಂಶಿಕತೆಯೊಂದನ್ನೇ ಗುರುತಿನ ಆಧಾರವಾಗಿ ಹಿಡಿದವರಿಗೆ ಇಲ್ಲಿ ಉತ್ತರ ಸಿಗಲಾರದು.

ಕಸಿಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಬೇರನ್ನೂ ಬುಡವನ್ನೂ ಒದಗಿಸುವ ಕೆಳಗಿನ ಗಿಡಕ್ಕೆ ಬೇರುಸಸಿ ಎನ್ನುತ್ತಾರೆ. ಕಿತ್ತಳೆಗೆ ರಂಗಪುರ ನಿಂಬೆ, ಜಂಬೇರಿ, ಮೂರೆಲೆಯ ಟ್ರೈಫೋಲಿಯೇಟ್ ಕಿತ್ತಳೆ ಮುಂತಾದವನ್ನು ಬೇರುಸಸಿಗಳಾಗಿ ಬಳಸುತ್ತಾರೆ. ಪೆನ್ಸಿಲ್ ದಪ್ಪಕ್ಕೆ ಬಂದ ಬೇರುಸಸಿಯ ತೊಗಟೆಯನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಸೀಳಿ, ಚಾಕುವಿನ ತುದಿಯಿಂದ ಅದರ ಎರಡು ಅಂಚುಗಳನ್ನು ಬಿಡಿಸಿ, ಗುರಾಣಿಯಾಕಾರದಲ್ಲಿ ಕೆತ್ತಿ ತೆಗೆದ ಕಿತ್ತಳೆಯ ಕಣ್ಣನ್ನು ಒಳಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಸುತ್ತುತ್ತಾರೆ. ಸುಮಾರು ಮೂರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಕಣ್ಣು ಹಸಿರಾಗಿದ್ದರೆ ಕಸಿ ಹಿಡಿದಿದೆ ಎಂದರ್ಥ. ಆಮೇಲೆ ಬೇರುಸಸಿಯ ತಲೆಯನ್ನು ಕತ್ತರಿಸಿ ಹಾಕುತ್ತಾರೆ.

ಜೀವವು ಒಂದು ಕೊಂಬೆಯನ್ನು ಬಿಟ್ಟುಹೋದರೆ ಆ ಕೊಂಬೆ ಒಣಗುತ್ತದೆ, ಇಡೀ ಮರವನ್ನು ಬಿಟ್ಟರೆ ಮರವೇ ಒಣಗುತ್ತದೆ ಎಂದು ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ವಿವರಿಸುತ್ತಾನೆ. ಮರದಿಂದ ಬೇರ್ಪಟ್ಟು, ಒದ್ದೆ ಬಟ್ಟೆಯಲ್ಲಿ ದಿನಗಟ್ಟಲೆ ಸುತ್ತಿಟ್ಟರೂ ಒಣಗದ ಕಸಿಕಡ್ಡಿಯಲ್ಲಿ ಇರುವುದು ಯಾವ ಜೀವ ಎಂಬುದಕ್ಕೆ ಈ ವಿವರಣೆಯಲ್ಲಿ ಎಡೆಯಿಲ್ಲ. ಜೈನ ಆಗಮಗಳು ಬೇರು, ಕಾಂಡ, ತೊಗಟೆ, ಎಲೆಗಳಲ್ಲಿ ಬೇರೆಬೇರೆ ಜೀವಗಳನ್ನು ಹೇಳಿರುವುದರಿಂದ ಅವಕ್ಕೆ ಈ ತೊಡಕು ಅಷ್ಟಾಗಿ ತಟ್ಟುವುದಿಲ್ಲ. ಕಳಸವನ್ನು ಆಳಿದ, 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ವಂಶ ಜೈನರದು. ಹಾಗಾಗಿ ಈ ಎರಡು ಉತ್ತರಗಳೂ ಈ ಬೆಟ್ಟಗಳಿಗೆ ಹೊರಗಿನವಲ್ಲ. ಆದರೂ ಜೀವಗಳು ಅನೇಕವೆಂದು ಒಪ್ಪಿದ ಮಾತ್ರಕ್ಕೆ ಅವೆಲ್ಲ ಸೇರಿ ಒಂದು ಮರವಾಗುವುದು ಹೇಗೆ ಎಂಬುದು ಬಗೆಹರಿಯುವುದಿಲ್ಲ.

ಇಲ್ಲಿ ಹೆಚ್ಚು ನೆರವಾಗುವುದು ನ್ಯಾಯ-ವೈಶೇಷಿಕರ ಅವಯವಿ, ಅಂದರೆ ಅವಯವಗಳು ಕೂಡಿ ಆದ ಇಡಿಯ ವಸ್ತು, ಎಂಬುದರ ವಾದ. ನೂಲುಗಳ ಸಂಯೋಗದಿಂದ ಹುಟ್ಟುವ ಬಟ್ಟೆ ನೂಲುಗಳ ಗುಂಪಲ್ಲ, ಅವುಗಳಿಂದ ಬೇರೆಯಾದ ಹೊಸದೊಂದು ದ್ರವ್ಯ ಎಂದು ಅವರು ಹೇಳಿದರೆ, ಅವಯವಗಳನ್ನು ಬಿಟ್ಟು ಅವಯವಿ ಎಂಬುದೇ ಇಲ್ಲವೆಂದು ಬೌದ್ಧರು ವಾದಿಸಿದರು. ಈ ಹಳೆಯ ಜಗಳಕ್ಕೆ ಟ್ರಿಸ್ಟೆಜಾ ರೋಗ ಒಂದು ವಿಚಿತ್ರವಾದ ಪರೀಕ್ಷೆಯನ್ನು ಒಡ್ಡಿತು. 1930ರ ದಶಕದಿಂದ ಅರ್ಜೆಂಟೀನ ಮತ್ತು ಬ್ರೆಜಿಲ್‌ಗಳಲ್ಲಿ ಹುಳಿಕಿತ್ತಳೆಯ ಬೇರಿನ ಮೇಲೆ ಕಟ್ಟಿದ ಸಿಹಿಕಿತ್ತಳೆಯ ಮರಗಳು ಲಕ್ಷಗಟ್ಟಲೆ ಸತ್ತವು. ಪೋರ್ಚುಗೀಸಿನಲ್ಲಿ ದುಃಖ ಎಂಬ ಅರ್ಥದ ಪದವೇ ರೋಗಕ್ಕೆ ಹೆಸರಾಯಿತು. ಸ್ವಂತ ಬೇರಿನ ಸಿಹಿಕಿತ್ತಳೆ ಈ ನಂಜನ್ನು ತಾಳಿಕೊಳ್ಳುತ್ತದೆ, ಸ್ವಂತ ತಲೆಯ ಹುಳಿಕಿತ್ತಳೆಯೂ ತಾಳಿಕೊಳ್ಳುತ್ತದೆ, ಸಾಯುವುದು ಎರಡೂ ಕೂಡಿದ ಮರ ಮಾತ್ರ. ಕಸಿಯ ಗಂಟಿನ ಕೆಳಗೇ ಆಹಾರ ಇಳಿಸುವ ನಾಳಗಳು ಸತ್ತು ಬೇರು ಉಪವಾಸ ಬೀಳುತ್ತದೆ. ಬಿಡಿಬಿಡಿಯಾಗಿ ಅವಯವಗಳೆರಡೂ ತಾಳಿಕೊಳ್ಳುವ ರೋಗಕ್ಕೆ ಅವಯವಿ ಬಲಿಯಾಗುವುದಾದರೆ, ಅದು ಬರಿಯ ಹೆಸರು ಎಂಬ ಮಾತು ನಿಲ್ಲುವುದು ಕಷ್ಟ. ಈ ಒಂದು ವಿಷಯದಲ್ಲಿ ನೈಯಾಯಿಕರೇ ಗೆದ್ದರೆನ್ನಬೇಕು.

ಆದರೆ ಅವರ ಗೆಲುವು ಪೂರ್ಣವಾದುದಲ್ಲ. ನೂಲು ಬಟ್ಟೆಯಾದ ಮೇಲೆ ಮತ್ತೊಂದು ಬಟ್ಟೆಯನ್ನು ತಾನೇ ನೇಯಲು ಹೊರಡುವುದಿಲ್ಲ, ಆದರೆ ಗಂಟಿನ ಕೆಳಗಿಂದ ಚಿಗುರೊಡೆದ ರಂಗಪುರ ನಿಂಬೆ ತನ್ನದೇ ಎಲೆ ಬಿಟ್ಟು, ಬೆಳೆಯಗೊಟ್ಟರೆ ತನ್ನದೇ ಹುಳಿಹಣ್ಣನ್ನೂ ಕೊಡುತ್ತದೆ. ಫ್ಲಾರೆನ್ಸಿನಲ್ಲಿ 17ನೆಯ ಶತಮಾನದಲ್ಲಿ ಕಾಣಿಸಿಕೊಂಡ ಬಿಜಾರಿಯಾ ಎಂಬ ಗಿಡದಲ್ಲಂತೂ ಹುಳಿಕಿತ್ತಳೆ ಮತ್ತು ಮಾದಲಗಳ ಅಂಗಾಂಶಗಳು ಒಂದೇ ಹಣ್ಣಿನಲ್ಲಿ ಬೆರೆತು ನಿಂತವು. ಅಂಥ ಅಪರೂಪಗಳನ್ನು ಬಿಟ್ಟರೆ ಮೇಲಿನದು ಮೇಲಿನದೇ, ಕೆಳಗಿನದು ಕೆಳಗಿನದೇ. ಆದರೂ ಕೆಳಗಿನದು ಮೇಲಿನದರ ಗುಣವನ್ನು ತಿದ್ದುತ್ತದೆ. ಜಂಬೇರಿಯ ಬೇರಿನ ಮೇಲೆ ಮರ ಹುರುಪಿನಿಂದ ಬೆಳೆದರೂ ಹಣ್ಣಿನ ರಸ ಸಪ್ಪೆ, ಟ್ರೈಫೋಲಿಯೇಟ್ ಬೇರು ಮಳೆಗಾಲದ ಬುಡಕೊಳೆಯನ್ನು ತಡೆದು ರಸವನ್ನು ಗಟ್ಟಿಗೊಳಿಸುತ್ತದೆ, ರಂಗಪುರ ನಿಂಬೆ ಬರವನ್ನೂ ಟ್ರಿಸ್ಟೆಜಾವನ್ನೂ ಸಹಿಸುತ್ತದೆ. ಚಿಗುರು ಹೀರುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಹರಡುವ ಗ್ರೀನಿಂಗ್ ರೋಗದಿಂದ ಮಾತ್ರ ಯಾವ ಬೇರೂ ಮರವನ್ನು ಕಾಪಾಡದು.

ಬೇರಿನ ಪ್ರಭಾವ ಇಷ್ಟಿದ್ದರೂ ನರ್ಸರಿಯ ಚೀಟಿಯಲ್ಲಿ ಸಾಮಾನ್ಯವಾಗಿ ಮೇಲಿನ ತಳಿಯ ಹೆಸರಷ್ಟೇ ಇರುತ್ತದೆ. ಮುಂದಿನ ಮುಂಗಾರಿಗೆ ಕಿತ್ತಳೆ ನೆಡಬೇಕೆಂದಿರುವವರು ಕೆಳಗಿನ ಬೇರು ಯಾವುದೆಂದು ಕೇಳಿ, ಅದನ್ನೂ ಬರೆಸಿಕೊಂಡೇ ಸಸಿ ಕೊಳ್ಳಬೇಕು.