ನಲ್ಲಿ ಕಚ್ಚುತ್ತದೆ

"ಅಮ್ಮಾ, ನಿಮ್ಮ ಬಚ್ಚಲಿನ ನಲ್ಲಿ ಕಚ್ಚುತ್ತೆ."

ನಮ್ಮ ಮನೆಗೆ ಬಟ್ಟೆ ಒಗೆಯಲು ಬರುತ್ತಿದ್ದಾಕೆ ಈ ಮಾತನ್ನು ಮೊದಲ ಸಲ ಹೇಳಿದಾಗ ನಾನು ನಕ್ಕುಬಿಟ್ಟೆ. ನಾಯಿ ಕಚ್ಚುತ್ತದೆ, ಇರುವೆ ಕಚ್ಚುತ್ತದೆ, ಹೊಸ ಚಪ್ಪಲಿ ಕೂಡ ಕಚ್ಚುತ್ತದೆ. ನಲ್ಲಿ ಕಚ್ಚುವುದನ್ನು ನಾನು ಕೇಳಿರಲಿಲ್ಲ. ಎದ್ದುಹೋಗಿ ಮುಟ್ಟಿ ನೋಡಿದೆ. ಏನೂ ಆಗಲಿಲ್ಲ. ತಿರುಗಿಸಿದೆ, ಬಿಸಿನೀರು ಸುಖವಾಗಿ ಸುರಿಯಿತು. "ನೋಡು, ನನ್ನನ್ನೇನೂ ಕಚ್ಚಲಿಲ್ಲವಲ್ಲ" ಎಂದೆ. ಆಕೆ ಮರುಮಾತಾಡದೆ ಸೆರಗು ಸಿಕ್ಕಿಸಿಕೊಂಡು ಒಗೆಯಲು ಕುಳಿತಳು.

ಅದು 1996ರ ಮಳೆಗಾಲ. ಮುಂದಿನ ವಾರ ಆಕೆ ಮತ್ತೆ ಅದೇ ಮಾತು ಹೇಳಿದಳು. ನಾನು ಮತ್ತೆ ಮುಟ್ಟಿ ನೋಡಿದೆ, ಮತ್ತೆ ಏನೂ ಇಲ್ಲ. ಮೂರನೆಯ ಸಲ ಹೇಳಿದಾಗ ನನಗೆ ಸ್ವಲ್ಪ ಬೇಸರವೇ ಬಂತು. "ಚಳಿಗೆ ಕೈ ಜೋಮು ಹಿಡಿದಿರಬೇಕು" ಎಂದು ಹೇಳಿ ಕಾಫಿ ಕೊಟ್ಟೆ. ಕೆಲಸ ತಪ್ಪಿಸಿಕೊಳ್ಳಲು ಹೂಡಿದ ನೆಪ ಇರಬಹುದೇ ಎಂಬ ಯೋಚನೆಯೂ ಮನಸ್ಸಿನಲ್ಲಿ ಹಾದುಹೋಯಿತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹಾದುಹೋದದ್ದು ನಿಜ.

ನಾಲ್ಕನೆಯ ಸಲ ಆಕೆ ಏನೂ ಹೇಳಲಿಲ್ಲ. ಬಕೆಟ್ಟು ಉರುಳಿದ ಸದ್ದು ಮಾತ್ರ ಕೇಳಿತು. ನಾನು ಓಡಿಹೋಗುವಷ್ಟರಲ್ಲಿ ಆಕೆ ಗೋಡೆಗೆ ಒರಗಿ ಕಾಲು ಚಾಚಿ ಬಿದ್ದಿದ್ದಳು. ಕಣ್ಣು ತೆರೆದಿತ್ತು, ಮಾತಿರಲಿಲ್ಲ. ನಮ್ಮ ಯಜಮಾನರು ಮೇನ್ ಸ್ವಿಚ್ ಆರಿಸಿದರು. ಪುಣ್ಯಕ್ಕೆ ಆ ಹೊಡೆತ ಆಕೆಯನ್ನು ಹಿಂದಕ್ಕೆ ಎಸೆದಿತ್ತು. ನಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಕೈ ಬಿಗಿದುಕೊಂಡು ಬಿಡಿಸಲಾಗುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಎರಡು ದಿನ ಆಕೆಗೆ ಬೆರಳು ಮಡಚಲು ಆಗಲಿಲ್ಲ. ಮೂರನೆಯ ದಿನ ಕೆಲಸಕ್ಕೆ ಬಂದಳು. ಬಾರದಿದ್ದರೆ ಮನೆ ನಡೆಯಬೇಕಲ್ಲ.

ನಮ್ಮ ಬೀದಿಯಲ್ಲಿ ವಿದ್ಯುತ್ ಕೆಲಸದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದರು. ಕರೆಸಿದೆವು. ಅವರು ನೀರು ಕಾಯಿಸುವ ಗೀಸರನ್ನು ನೋಡಿದರು, ಸ್ವಿಚ್ ಬೋರ್ಡನ್ನು ಬಿಚ್ಚಿದರು. ಒಳಗೆ ಹಸಿರು ಬಣ್ಣದ ಒಂದು ತಂತಿ ಎಲ್ಲಿಗೂ ಸೇರದೆ, ಸುರುಳಿ ಸುತ್ತಿಕೊಂಡು ಮಲಗಿತ್ತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿ ಕೇಳಿದರು: "ಇದರ ಇನ್ನೊಂದು ತುದಿ ಎಲ್ಲಿದೆ?"

ಇನ್ನೊಂದು ತುದಿ ಎಲ್ಲೂ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. 1994ರಲ್ಲಿ ನಾವು ಮನೆ ಕಟ್ಟಿಸಿದೆವು. ಮನೆ ಕಟ್ಟಿಸಿದವರಿಗೆ ಆ ಕಡೆಯ ಮೂರು ತಿಂಗಳ ಸಂಕಟ ಹೇಳಬೇಕಾಗಿಲ್ಲ. ಸಾಲ ಮುಗಿದಿರುತ್ತದೆ, ಒಡವೆ ಅಡವಿಟ್ಟಾಗಿರುತ್ತದೆ, ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ. ವೈರಿಂಗ್ ಮಾಡಿದ ಹುಡುಗ ನಮಗೆ ಬೇಕಾದವನು. ಕೈ ಚುರುಕು, ಮಾತು ಕಡಿಮೆ, ಮಾಡಿದ ಕೆಲಸ ಅಚ್ಚುಕಟ್ಟು. ಅವನಿಗೆ ಲೈಸೆನ್ಸ್ ಇರಲಿಲ್ಲ. ಲೈಸೆನ್ಸ್ ಇದ್ದ ಇನ್ನೊಬ್ಬ ಕಂಟ್ರಾಕ್ಟರು ಪೇಟೆಯಲ್ಲಿ ಕುಳಿತೇ, ನಮ್ಮ ಮನೆಯ ಹೊಸ್ತಿಲನ್ನೂ ತುಳಿಯದೆ, ಕೆಲಸ ನಿಯಮದಂತೆ ಮುಗಿದಿದೆ ಎಂಬ ಕಾಗದಕ್ಕೆ ರುಜು ಹಾಕಿಕೊಟ್ಟರು. ಅದಕ್ಕೊಂದು ದರವಿತ್ತು, ಕೊಟ್ಟೆವು. ಆ ಕಾಗದದ ಕೆಳಗೆ ಮನೆಯ ಮಾಲೀಕರ ಸ್ಥಾನದಲ್ಲಿ ಇನ್ನೊಂದು ರುಜು. ಮನೆ ನನ್ನ ಹೆಸರಿನಲ್ಲಿದ್ದುದರಿಂದ ಆ ರುಜು ನನ್ನದು.

ರುಜು ಹಾಕುವ ಮುಂಚೆ ಆ ಹುಡುಗ ಕೇಳಿದ್ದ: "ಅಕ್ಕಾ, ಅರ್ತಿಂಗ್ ಗುಂಡಿ ತೋಡಿಸಬೇಕು. ಪೈಪು, ಇದ್ದಿಲು, ಉಪ್ಪು, ತಾಮ್ರದ ತಂತಿ ಎಲ್ಲಾ ಸೇರಿ ಸಾವಿರದೈನೂರು ಆಗುತ್ತೆ." ನಾನು ಹೇಳಿದ್ದೆ: "ಈಗ ಬೇಡಪ್ಪ, ಮುಂದೆ ನೋಡೋಣ." ಭೂಮಿಯೊಳಗೆ ಹೂತುಹೋಗುವ ಇದ್ದಿಲು ಉಪ್ಪಿಗೆ ಸಾವಿರದೈನೂರು ರೂಪಾಯಿ ಕೊಡುವುದು ಆಗ ನನಗೆ ದಂಡವೆನಿಸಿತ್ತು. ಅದೇ ತಿಂಗಳು ವಾಸ್ತು ನೋಡುವವರ ಮಾತು ಕೇಳಿ ಬಚ್ಚಲಿನ ಬಾಗಿಲನ್ನು ಒಡೆಸಿ ಅರ್ಧ ಅಡಿ ಈಚೆಗೆ ಇಡಿಸಿದ್ದೆವು. ಅದಕ್ಕೆ ಖರ್ಚಾದದ್ದು ಇದಕ್ಕಿಂತ ಹೆಚ್ಚು. ದಿಕ್ಕು ನೋಡಿಸಿದೆವು, ತಂತಿ ನೋಡಿಸಲಿಲ್ಲ.

ಆ ಹಿರಿಯರು ನನಗೆ ವಿಷಯವನ್ನು ಬಿಡಿಸಿ ಹೇಳಿದರು. ಗೀಸರಿನ ಒಳಗಿನ ಸುರುಳಿ ಹಳತಾಗಿ ಕೆಟ್ಟರೆ ವಿದ್ಯುತ್ತು ಅದರ ಲೋಹದ ಮೈಗೆ ಹರಿಯುತ್ತದೆ, ಅಲ್ಲಿಂದ ಕಬ್ಬಿಣದ ಪೈಪು ಹಿಡಿದು ನಲ್ಲಿಗೆ ಬರುತ್ತದೆ. ಹಸಿರು ತಂತಿ ಭೂಮಿಗೆ ಸೇರಿದ್ದರೆ ಅದು ಆ ದಾರಿಯಲ್ಲೇ ಭರದಿಂದ ಇಳಿದುಹೋಗುತ್ತದೆ, ಫ್ಯೂಸ್ ಸುಟ್ಟು ಎಲ್ಲವೂ ನಿಲ್ಲುತ್ತದೆ. ಸೇರಿರದಿದ್ದರೆ ವಿದ್ಯುತ್ತು ಭೂಮಿಗೆ ಇಳಿಯಲು ಬೇರೆ ದಾರಿಗಾಗಿ ಕಾದಿರುತ್ತದೆ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ನಲ್ಲಿ ಮುಟ್ಟಿದವರು ಆ ದಾರಿಯಾಗುತ್ತಾರೆ.

"ಹಾಗಾದರೆ ಫ್ಯೂಸ್ ಯಾಕೆ ಹೋಗಲಿಲ್ಲ?" ಎಂದು ಕೇಳಿದೆ.

"ಫ್ಯೂಸ್ ಕಾಯುವುದು ನಿಮ್ಮ ತಂತಿಯನ್ನಮ್ಮ, ಮನುಷ್ಯರನ್ನಲ್ಲ. 5 ಆಂಪಿಯರ್ ಫ್ಯೂಸ್ ಹೋಗಲು 5 ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಮನುಷ್ಯರ ಪ್ರಾಣಕ್ಕೆ ಅದರ ನೂರರಲ್ಲೊಂದು ಪಾಲೂ ಅಪಾಯವೇ."

"ಮತ್ತೆ ನನಗೆ ಯಾಕೆ ಹೊಡೆಯಲಿಲ್ಲ?"

ಅವರು ನನ್ನ ಕಾಲು ನೋಡಿದರು. ನಾನೂ ನೋಡಿಕೊಂಡೆ. ಬಚ್ಚಲಿಗೆಂದೇ ಇಟ್ಟುಕೊಂಡ ರಬ್ಬರ್ ಚಪ್ಪಲಿ ಕಾಲಲ್ಲಿತ್ತು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಪ್ಪು ಯಾರದು? ನಮ್ಮ ಯಜಮಾನರು ಆ ಹುಡುಗನ ಮೇಲೆ ರೇಗಾಡಿದರು. ಅವನು ತಲೆ ತಗ್ಗಿಸಿ, "ಅಕ್ಕನೇ ಮುಂದೆ ನೋಡೋಣ ಅಂದಿದ್ದರು" ಎಂದ. ಸುಳ್ಳಲ್ಲ. ರುಜು ಹಾಕಿದ ಕಂಟ್ರಾಕ್ಟರಿಗೆ ನಮ್ಮ ಮನೆ ಯಾವುದೆಂಬುದೇ ನೆನಪಿರಲಿಲ್ಲ. ಮೂವರೂ ಸ್ವಲ್ಪ ಸ್ವಲ್ಪ ತಪ್ಪು ಮಾಡಿದ್ದೆವು, ಹಂಚಿಕೊಂಡಾಗ ಪ್ರತಿಯೊಬ್ಬರ ಪಾಲೂ ಹಗುರವಾಗಿಯೇ ಕಾಣುತ್ತಿತ್ತು. ಆದರೆ ಆಕೆಗೆ ಬಿದ್ದ ಹೊಡೆತ ಹಂಚಿಹೋಗಿರಲಿಲ್ಲ. ಅದು ಇಡಿಯಾಗಿ ಒಬ್ಬಳ ಮೈಮೇಲೆ ಬಿದ್ದಿತ್ತು.

ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ. ನೀತಿಯ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ ಎಂದು ನಾನು ತಿಳಿದಿದ್ದೆ. ನನ್ನ ಮನೆ, ನನ್ನ ದುಡ್ಡು, ಅಪಾಯವಾದರೆ ನನಗೇ ತಾನೇ? ನಡುವೆ ಸರ್ಕಾರದ್ದೇನು ಕೆಲಸ? ಹೀಗೆ ಎಷ್ಟೋ ಸಲ ಮಾತಾಡಿದ್ದೇನೆ. ನೀವೂ ಮಾತಾಡಿರಬಹುದು. ಆದರೆ ಮನೆಯೊಳಗಿನ ಬೆಂಕಿಯ, ವಿದ್ಯುತ್ತಿನ ವಿಷಯದಲ್ಲಿ ಈ ಗಾದೆ ಸುಳ್ಳಾಗುತ್ತದೆ. ಇಲ್ಲಿ ಮಾಡಿದವರೇ ಬೇರೆ, ಉಣ್ಣುವವರೇ ಬೇರೆ. ಉಣ್ಣುವವರು ಕೆಲಸದಾಕೆ ಇರಬಹುದು, ಅಂಬೆಗಾಲಿಡುವ ಮಗು ಇರಬಹುದು, ಗೋಡೆಯಾಚೆಯ ಬಾಡಿಗೆಯವರು ಇರಬಹುದು. ದುಡ್ಡು ಉಳಿಸುವ ತೀರ್ಮಾನ ನಡೆದಾಗ ಅವರು ಯಾರೂ ಆ ಕೋಣೆಯಲ್ಲಿ ಇರುವುದಿಲ್ಲ.

ಲೈಸೆನ್ಸ್ ಇದ್ದವರೇ ವೈರಿಂಗ್ ಮಾಡಿಸಬೇಕೆಂಬ ನಿಯಮ ಹೊಸದೇನಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲೇ ಅದಿತ್ತು. ನಾವು ಮನೆ ಕಟ್ಟಿಸುವಾಗ ಜಾರಿಯಲ್ಲಿದ್ದುದು ಅದೇ. 2003ರ ಕಾಯಿದೆ ಬಂದ ಮೇಲೆ 2010ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಸುರಕ್ಷತೆಯ ನಿಯಮಗಳನ್ನು ಹೊಸದಾಗಿ ಬರೆದಿದ್ದಾರೆ. ಇಂಥ ನಿಯಮಗಳನ್ನು ಯಾರೋ ಕಚೇರಿಯಲ್ಲಿ ಕುಳಿತು ನಮ್ಮ ಕೈ ಕಟ್ಟಲೆಂದೇ ಬರೆದಿದ್ದಾರೆ ಎಂದು ನಾನು ಭಾವಿಸಿದ್ದೆ. ಆಮೇಲೆ ಎಂದೋ ದೂರದೇಶದ ಒಂದು ಸಂಗತಿಯನ್ನು ಓದಿದೆ. ಅದರ ಎಳೆಯೊಂದು ನೇರವಾಗಿ ನಮ್ಮ ಅಡುಗೆಮನೆಗೇ ಬಂದು ಮುಟ್ಟುತ್ತದೆ.

ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ನ್ಯೂ ಲಂಡನ್ ಎಂಬ ಊರಿದೆ. ಸುತ್ತಲೂ ಎಣ್ಣೆಬಾವಿಗಳು, ಹಾಗಾಗಿ ಶಾಲೆಗೆ ದುಡ್ಡಿನ ಕೊರತೆ ಇರಲಿಲ್ಲ. ಆದರೂ ಖರ್ಚು ಉಳಿಸಲೆಂದು 1937ರ ಆರಂಭದಲ್ಲಿ ಶಾಲೆಯವರು ಹಣ ಕೊಟ್ಟು ಗ್ಯಾಸು ಕೊಳ್ಳುವುದನ್ನು ನಿಲ್ಲಿಸಿ, ಎಣ್ಣೆಬಾವಿಗಳಲ್ಲಿ ಬೇಡವೆಂದು ಬಿಡುವ ಗ್ಯಾಸಿನ ಕೊಳವೆಗೆ ತಮ್ಮ ಕೊಳವೆಯನ್ನು ಸೇರಿಸಿಕೊಂಡರು. ಆ ಗ್ಯಾಸಿಗೆ ವಾಸನೆಯಿರಲಿಲ್ಲ. ಅದು ಸೋರಿ ಕಟ್ಟಡದ ನೆಲದಡಿಯಲ್ಲಿ ತುಂಬಿಕೊಂಡಿತು. ಮಕ್ಕಳು ತಲೆನೋವು ಎನ್ನುತ್ತಿದ್ದರಂತೆ, ದೊಡ್ಡವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ ಮರಗೆಲಸ ಕಲಿಸುವ ಕೋಣೆಯಲ್ಲಿ ಒಂದು ಯಂತ್ರದ ಸ್ವಿಚ್ ಹಾಕಿದಾಗ ಕಿಡಿ ಹಾರಿ ಇಡೀ ಶಾಲೆ ಸಿಡಿಯಿತು. ಸುಮಾರು ಮುನ್ನೂರು ಜನ, ಹೆಚ್ಚಿನವರು ಮಕ್ಕಳು, ಸತ್ತರು. ಆ ಹೊತ್ತಿಗೆ ಪಕ್ಕದ ಕಟ್ಟಡದಲ್ಲಿ ಪಾಲಕರ ಸಭೆ ನಡೆಯುತ್ತಿತ್ತು. ಅಲ್ಲಿ ಕುಳಿತಿದ್ದವರಲ್ಲಿ ಹೆಚ್ಚಿನವರು ತಾಯಂದಿರು.

ಅದೇ ವರ್ಷ ಆ ರಾಜ್ಯದಲ್ಲಿ ಎರಡು ಕಾನೂನುಗಳು ಬಂದವು. ಗ್ಯಾಸಿಗೆ ಕೆಟ್ಟ ವಾಸನೆ ಸೇರಿಸಲೇಬೇಕು ಎಂಬುದು ಒಂದು. ನೋಂದಣಿಯಾಗದವರು ಎಂಜಿನಿಯರೆಂದು ಹೇಳಿಕೊಂಡು ಕೆಲಸ ಮಾಡುವಂತಿಲ್ಲ ಎಂಬುದು ಇನ್ನೊಂದು. ಗ್ಯಾಸಿಗೆ ವಾಸನೆ ಬೆರೆಸುವ ಪದ್ಧತಿ ಆಮೇಲೆ ಲೋಕವೆಲ್ಲ ಹಬ್ಬಿತು. ನಮ್ಮ ಒಲೆಯ ಹತ್ತಿರ ಕೊಳೆತ ಎಲೆಕೋಸಿನಂಥ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡುತ್ತೇವಲ್ಲ, ಅದು ಗ್ಯಾಸಿನ ಸ್ವಂತ ವಾಸನೆಯಲ್ಲ. ಈಥೈಲ್ ಮರ್‌ಕ್ಯಾಪ್ಟನ್ ಎಂಬ ವಸ್ತುವನ್ನು ನಮಗೆ ಗೊತ್ತಾಗಲೆಂದೇ ಸೇರಿಸಿರುತ್ತಾರೆ. ಇದನ್ನು ತಿಳಿದ ಮೇಲೆ ಆ ವಾಸನೆ ನನಗೆ ಬರೀ ದುರ್ವಾಸನೆಯಾಗಿ ಉಳಿದಿಲ್ಲ. ಯಾವುದೋ ಊರಿನ ಮಕ್ಕಳು ಹೇಳಿಯೂ ದೊಡ್ಡವರ ಕಿವಿಗೆ ಬೀಳದ ಮಾತು ಅದು. ಈಗ ಅದನ್ನು ನಮ್ಮ ಮೂಗಿಗೆ ಹೇಳುವ ಹಾಗೆ ಮಾಡಿದ್ದಾರೆ.

ಒಳ್ಳೆಯ ನಿಯಮವೆಂದರೆ ಇಷ್ಟೇ ಎಂದು ನನಗೆ ತೋರುತ್ತದೆ. ಬರಿಗಾಲಿನಲ್ಲಿ ನಿಂತವರ ಮಾತನ್ನು ಚಪ್ಪಲಿ ಹಾಕಿದವರು ನಂಬುವುದಿಲ್ಲ. ಅದಕ್ಕೆ ಕೆಟ್ಟತನವೇ ಬೇಕಾಗಿಲ್ಲ, ನಮಗೆ ತಾಗುವುದಿಲ್ಲ ಅಷ್ಟೆ. ನಾನು ಮೂರು ಸಲ ಪ್ರಾಮಾಣಿಕವಾಗಿಯೇ ಮುಟ್ಟಿ ನೋಡಿದ್ದೆ. ನನ್ನ ಅನುಭವವೇ ಸತ್ಯದ ಅಳತೆಗೋಲು ಎಂದುಕೊಂಡದ್ದು ನನ್ನ ತಪ್ಪು. ನಿಯಮವು ನನ್ನ ಅನುಭವವನ್ನು ಕೇಳುವುದಿಲ್ಲ, ಹಸಿರು ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು ಕೇಳುತ್ತದೆ. ಆಕೆಯ ಪರವಾಗಿ ಕೇಳಬೇಕಾದ ಪ್ರಶ್ನೆಯನ್ನು ಆಕೆ ಬಾಯಿ ಬಿಡುವ ಮೊದಲೇ ಕೇಳಿರುತ್ತದೆ.

ಇದಕ್ಕೆ ಎದುರು ಮಾತೂ ಇದೆ. ಲೈಸೆನ್ಸ್ ಎಂಬುದು ಓದಿದವರ ಬೇಲಿಯಲ್ಲವೇ? ಆ ಹುಡುಗನ ಕೈಯಲ್ಲಿ ವಿದ್ಯೆ ಇತ್ತು, ಕಂಟ್ರಾಕ್ಟರ ಕೈಯಲ್ಲಿ ಕಾಗದವಿತ್ತು. ಗುಂಡಿ ತೋಡಬೇಕೆಂದು ಹೇಳಿದವನು ಆ ಹುಡುಗನೇ ಹೊರತು ಲೈಸೆನ್ಸ್ ಇದ್ದವರಲ್ಲ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಕೆಲಸ ಬಲ್ಲವನಿಗೆ ಪರೀಕ್ಷೆ ಕಟ್ಟಿ ಪರ್ಮಿಟ್ ಪಡೆಯಲು ಸುಲಭದ ದಾರಿ ಇಲ್ಲದಿದ್ದರೆ ನಿಯಮವೇ ರುಜು ಮಾರುವವರನ್ನು ಸಾಕಿದಂತಾಗುತ್ತದೆ. ಆದರೂ ಒಂದು ಮಾತು. ಆ ಹುಡುಗನಿಗೆ ಪರ್ಮಿಟ್ ಇದ್ದು, ಅದು ಕಳೆದುಹೋಗುವ ಭಯವೂ ಇದ್ದಿದ್ದರೆ, "ಅಕ್ಕಾ, ಗುಂಡಿ ತೋಡದೆ ನಾನು ಲೈನು ಕೊಡುವುದಿಲ್ಲ" ಎನ್ನಬಹುದಿತ್ತು. ಬರಿಗೈಯವನು ದುಡ್ಡು ಕೊಡುವ ಅಕ್ಕನಿಗೆ ಇಲ್ಲವೆನ್ನುವುದು ಕಷ್ಟ. ನಿಯಮ ಅವನ ಕೈ ಕಟ್ಟುತ್ತದೆ ಎಂದುಕೊಂಡಿದ್ದೆ. ಸರಿಯಾಗಿ ನಡೆದರೆ ಅದು ಅವನ ಬೆನ್ನಿಗೂ ನಿಲ್ಲುತ್ತಿತ್ತು.

ಹಾಗೆ ನಡೆಯಬೇಕಾದರೆ ರುಜು ನಿಜವಾಗಿರಬೇಕು. ನೋಡದೆ ಹಾಕಿದ ರುಜುವನ್ನು ನಾವು ಸುಳ್ಳು ಎನ್ನುವುದಿಲ್ಲ, ಫಾರ್ಮಾಲಿಟಿ ಎನ್ನುತ್ತೇವೆ. ನಾನು ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು. ಬಾಯಿಂದ ಆಡದ ಮಾತನ್ನು ಪೆನ್ನಿನಿಂದ ಆಡಿದ್ದೆ. ಬಾಯಿಂದ ಆಡಿದ ಸುಳ್ಳನ್ನು ಕೇಳಿದವರು ಪ್ರಶ್ನಿಸಬಹುದು. ಕಾಗದದ ಮೇಲಿನ ಸುಳ್ಳು ಕಡತದೊಳಗೆ ಸೇರಿ, ಎಲ್ಲವೂ ಸರಿಯಾಗಿದೆ ಎಂದು ವರ್ಷಗಟ್ಟಲೆ ಹೇಳುತ್ತಲೇ ಇರುತ್ತದೆ.

ಮುಂದಿನ ವಾರವೇ ಗುಂಡಿ ತೋಡಿಸಿದೆವು. ಆ ಹುಡುಗನೇ ಬಂದು ಪೈಪು ಇಳಿಸಿದ, ಆ ಹಿರಿಯರು ಪಕ್ಕದಲ್ಲಿ ನಿಂತು ನೋಡಿದರು. ಇದ್ದಿಲು, ಉಪ್ಪನ್ನು ನಾನೇ ಕೈಯಾರೆ ಸುರಿದೆ. ಮುಂದೆ, 30 ಮಿಲಿಆಂಪಿಯರಿನಷ್ಟು ಸೋರಿದರೂ ಕ್ಷಣದಲ್ಲೇ ವಿದ್ಯುತ್ತು ಕಡಿಯುವ ಸಾಧನವನ್ನೂ ಹಾಕಿಸಿದೆವು. ಅದರ ಮೈಮೇಲೆ ಪರೀಕ್ಷೆಗೆಂದೇ ಒಂದು ಗುಂಡಿಯಿದೆ. ತಿಂಗಳಿಗೊಮ್ಮೆ ಒತ್ತಿ ನೋಡುತ್ತೇನೆ. ಮನೆ ಕತ್ತಲಾದರೆ ಸಮಾಧಾನ. ಬೇಸಗೆಯಲ್ಲಿ ಅರ್ತಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು ಹೊಯ್ಯುವುದನ್ನೂ ಮರೆಯುವುದಿಲ್ಲ. ಗ್ಯಾಸಿನ ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ. "ಇನ್ನೂ ಗಟ್ಟಿಯಾಗಿದೆಯಲ್ಲ" ಎಂದು ಯಜಮಾನರು ಎಂದರೆ ಸುಮ್ಮನೆ ಮುಖ ನೋಡುತ್ತೇನೆ.

ಆಕೆ ಇನ್ನೂ ಹನ್ನೊಂದು ವರ್ಷ ನಮ್ಮ ಮನೆಗೆ ಬಂದಳು. ಗೀಸರು ಬದಲಾಯಿತು, ಪೈಪು ಬದಲಾಯಿತು, ನಲ್ಲಿಯೂ ಬದಲಾಯಿತು. ಈಗ ಏನೂ ಆಗುವುದಿಲ್ಲ ಎಂದು ನಾನು ಎಷ್ಟೋ ಸಲ ಹೇಳಿದೆ. ಆಕೆ ತಲೆಯಾಡಿಸುತ್ತಿದ್ದಳು. ಆದರೆ ಆ ಹನ್ನೊಂದು ವರ್ಷವೂ, ಪ್ರತಿದಿನ, ನಲ್ಲಿ ತಿರುಗಿಸುವ ಮುಂಚೆ ಬೆರಳಿನ ಹಿಂಬದಿಯಿಂದ ಅದನ್ನು ಒಮ್ಮೆ ಮೆಲ್ಲಗೆ ಸವರಿ ನೋಡುತ್ತಿದ್ದಳು.