ನೆರೆಮನೆಯ ಪಿಟೀಲು



ಕಳೆದ ವರ್ಷದ ಶ್ರಾವಣದಲ್ಲಿ ತುಮಕೂರಿನ ಒಂದು ಬಡಾವಣೆಯಿಂದ, ಒಂದೇ ಕಾಂಪೌಂಡು ಗೋಡೆಯ ಆಚೀಚೆ ವಾಸಿಸುವ ಇಬ್ಬರು ಗೃಹಸ್ಥರು ಒಂದೇ ದಿನ ಮಠಕ್ಕೆ ಬಂದಿದ್ದರು. ಬೆಳಿಗ್ಗೆ ಬಂದವರು ಶಾಲಾ ಉಪಾಧ್ಯಾಯರು. ಅವರ ಹದಿನಾಲ್ಕು ವರ್ಷದ ಮಗಳು ಮೂರು ವರ್ಷಗಳಿಂದ ಪಿಟೀಲು ಕಲಿಯುತ್ತಿದ್ದಾಳೆ. ಸಂಜೆ ಬಂದವರು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ದುಡಿಯುವವರು. ರಾತ್ರಿಪಾಳಿ ಮುಗಿಸಿ ಏಳು ಗಂಟೆಗೆ ಮನೆ ಸೇರಿ, ಎರಡು ತುತ್ತು ಉಂಡು ದಿಂಬಿಗೆ ತಲೆ ಕೊಡುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಲ್ಲಿ ಕಮಾನು ತಂತಿಯ ಮೇಲೆ ಏರುತ್ತದೆ. "ಬುದ್ಧೀ, ಸಂಗೀತ ಬೇಡ ಅನ್ನೋನು ನಾನಲ್ಲ. ಆದರೆ ನಿದ್ದೆಗೆಟ್ಟು ಮಿಷನ್ನಿನ ಮುಂದೆ ನಿಂತರೆ ಬೆರಳು ಹೋಗ್ತವೆ" ಎಂದು ಆತ ತನ್ನ ಬಲಗೈಯನ್ನು ನಮ್ಮ ಮುಂದೆ ಚಾಚಿ ತೋರಿಸಿದ.

ಉಪಾಧ್ಯಾಯರು ಹೇಳಿದ್ದು ಬೇರೆ. ಮೂರು ತಿಂಗಳು ಸಹಿಸಿದ ಆ ಮನುಷ್ಯ ಒಂದು ದಿನ ಗೋಡೆಯ ಮೇಲಿಂದ, ನಾಯಿಯ ಬಾಲ ತುಳಿದ ಹಾಗಿದೆ ನಿನ್ನ ಪಿಟೀಲು ಎಂದು ಕೂಗಿದನಂತೆ. ಹುಡುಗಿ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಅವರು ಮಠಕ್ಕೆ ಬಂದ ದಿನಕ್ಕೆ ಆ ಪೆಟ್ಟಿಗೆ ಮುಚ್ಚಿ ಹನ್ನೊಂದು ದಿನಗಳಾಗಿದ್ದವು.

ಇಬ್ಬರೂ ನಮ್ಮ ಮಠದ ಭಕ್ತರು; ಇಬ್ಬರೂ ಸುಳ್ಳು ಹೇಳುವವರಲ್ಲ. ಇದನ್ನು ಕಲಾಭಿಮಾನಿಗೂ ಅರಸಿಕನಿಗೂ ನಡುವಣ ಜಗಳವೆಂದು ಭಾವಿಸಿದರೆ ತೀರ್ಪು ಸುಲಭ. ಆದರೆ ಅದು ತಪ್ಪು ತೀರ್ಪು. ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ನಿಜವಾಗಿ ಒಪ್ಪುವವರಿಗೆ, ದುಡಿದು ಬಂದವನ ನಿದ್ರೆಯೂ ಅವನ ಕಾಯಕದ ಒಂದು ಅಂಗವೆಂಬುದು ತೋರಬೇಕು. ವಿದ್ಯಾರ್ಥಿಯ ಅಭ್ಯಾಸವೂ ಕಾಯಕವೇ. ಎರಡು ಕಾಯಕಗಳು ಒಂದು ಗೋಡೆಯ ಬಳಿ ಎದುರುಬದುರಾಗಿ ನಿಂತಿವೆ.

ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಿಂದ ಬಂದ ಹಿರಿಯರು ಈ ಮಾತು ಕೇಳಿ ನಗುತ್ತಾರೆ. ಅವರ ಊರುಗಳಲ್ಲಿ ಪೌರಾಣಿಕ ನಾಟಕ ಕಲಿಯುವುದೆಂದರೆ ತಿಂಗಳುಗಟ್ಟಲೆ ರಾತ್ರಿಯ ಅಭ್ಯಾಸ. ಹಾರ್ಮೋನಿಯಂ ಮೇಷ್ಟರು ಊರಿಗೆ ಬಂದು ಬಿಡಾರ ಹೂಡಿದರೆಂದರೆ ಭೀಮ, ದುರ್ಯೋಧನ, ಶಕುನಿಯರ ಕಂದಗಳು ನಡುರಾತ್ರಿಯವರೆಗೂ ಮೊಳಗುತ್ತವೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ನೆಲವಿದು; ಗುಬ್ಬಿ ವೀರಣ್ಣನವರನ್ನು ನಾಡಿಗೆ ಕೊಟ್ಟ ಊರಿನ ಸುತ್ತ ಆ ರುಚಿ ಇನ್ನೂ ಆರಿಲ್ಲ. ಆ ಹಳ್ಳಿಗಳಲ್ಲಿ ಏಕೆ ಯಾರೂ ದೂರುವುದಿಲ್ಲ? ಹಾಡುವವನು ನಮ್ಮ ಅಣ್ಣನ ಮಗ, ಗದೆ ಹಿಡಿದವನು ಪಕ್ಕದ ಹೊಲದವನು; ನಾಳೆ ರಂಗದ ಮುಂದೆ ಕುಳಿತು ನೋಡುವವರು ನಾವೇ. ಸದ್ದು ನಮ್ಮದಾದಾಗ ಅದು ಸದ್ದಲ್ಲ. ನಗರದ ಬಡಾವಣೆಯಲ್ಲಿ ಕಲಿಯುವವರು ಯಾರೆಂದು ಗೋಡೆಯಾಚೆಯವರಿಗೆ ತಿಳಿಯದು. ಕಛೇರಿಗೆ ಅವರಿಗೆ ಆಹ್ವಾನವಿಲ್ಲ, ಅವರ ಪಾಲಿಗೆ ಬರುವುದು ಸರಳೆ ಮತ್ತು ಜಂಟಿವರಸೆ ಮಾತ್ರ. ಮಾಯಾಮಾಳವಗೌಳ ಎಷ್ಟು ಗಂಭೀರವಾದ ರಾಗವಾದರೂ ಅದರ ಒಂದೇ ವರಸೆಯನ್ನು ನೂರು ಸಲ, ಅದೂ ಅರೆಬರೆ ಶ್ರುತಿಯಲ್ಲಿ ಕೇಳಬೇಕಾದವನ ಪಾಡನ್ನು ನುಡಿಸುವವರು ಊಹಿಸುವುದಿಲ್ಲ. ಅಭ್ಯಾಸ ಮಾಡುವವರ ಕಿವಿ ನಾಳೆ ಬರಲಿರುವ ಸ್ವರವನ್ನು ಕೇಳುತ್ತಿರುತ್ತದೆ. ನೆರೆಯವರ ಕಿವಿಗೆ ಬೀಳುವುದು ಇಂದಿನ ಸ್ವರ.

(ಹಾರ್ಮೋನಿಯಂ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಗಮಕಕ್ಕೆ ಒಗ್ಗದ ವಾದ್ಯವೆಂದು ಅದನ್ನು 1940ರಲ್ಲಿ ಆಕಾಶವಾಣಿಯಿಂದಲೇ ಹೊರಗಿಟ್ಟಿದ್ದರು. 1971ರವರೆಗೆ ಬಾಗಿಲು ತೆರೆಯಲಿಲ್ಲ. ಅದೇ ವಾದ್ಯ ಆ ಮೂವತ್ತು ವರ್ಷಗಳಲ್ಲಿ ನಮ್ಮ ಹಳ್ಳಿಗಳ ಇರುಳನ್ನು ಆಳುತ್ತಿತ್ತು. ಯಾವುದು ನಾದ, ಯಾವುದು ಗದ್ದಲ ಎಂಬುದನ್ನು ವಾದ್ಯವೊಂದೇ ತೀರ್ಮಾನಿಸುವುದಿಲ್ಲ.)

ಮನೆಗಳೂ ಬದಲಾಗಿವೆ. ಗುಬ್ಬಿಯ ಹಳೆಯ ಪೇಟೆಯ ದಪ್ಪ ಮಣ್ಣುಗೋಡೆಯ ತೊಟ್ಟಿಮನೆಯಲ್ಲಿ ಒಳಕೋಣೆಯ ಧ್ವನಿ ಒಳಗೇ ಇಂಗುತ್ತಿತ್ತು. ಇಂದಿನ ಮೂವತ್ತು-ನಲವತ್ತರ ನಿವೇಶನದಲ್ಲಿ ಒಬ್ಬರ ಅಡುಗೆಮನೆಯ ಕಿಟಕಿಗೂ ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿಗೂ ಮಾರುದ್ದದ ಅಂತರ. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ಸಿದ್ಧಲಿಂಗ ಯತಿಗಳು ತೋಟದಲ್ಲಿ ಕುಳಿತು ತಪಸ್ಸು ಮಾಡಿದ್ದರಿಂದ ತೋಂಟದ ಸಿದ್ಧಲಿಂಗರೆನಿಸಿದರು. ತೋಟವಿದ್ದವರಿಗೆ ಈ ಪ್ರಶ್ನೆಯೇ ಇಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಅಂಥ ಮನೆಯಲ್ಲಿ ವಾಸಿಸುವವರೆಲ್ಲರೂ ಕಲಿಯುವವರೇ ಆದ್ದರಿಂದ ದೂರುವವರಿಲ್ಲ. ನಮ್ಮ ಹುಡುಗಿಗೆ ತೋಟವೂ ಇಲ್ಲ, ಆಶ್ರಮವೂ ಇಲ್ಲ.

ಇನ್ನು ಕಾನೂನು. ಕಾರ್ಮಿಕ ಭಕ್ತನು ಪೊಲೀಸು ಠಾಣೆಗೆ ಹೋಗುವ ಮಾತನ್ನೂ ಆಡಿದ್ದನು. ಆದ್ದರಿಂದ ವಕೀಲರಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸಿ ಕೇಳಿದೆವು. ಶಬ್ದಮಾಲಿನ್ಯ ನಿಯಮಗಳು ಜಾರಿಗೆ ಬಂದದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಿಗ್ಗೆ ಆರರವರೆಗೆ. ಖಾಸಗಿ ಮನೆಯ ವಾದ್ಯದ ಸದ್ದು ಆ ಮನೆಯ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. 10 ಅಥವಾ ಅದಕ್ಕಿಂತ ಹೆಚ್ಚು ಮೀರಿದರೆ ದೂರು ಕೊಡಬಹುದು. ಡೆಸಿಬೆಲ್ಲಿನ ಲೆಕ್ಕ ನಮ್ಮ ಕೂಡುವ ಕಳೆಯುವ ಲೆಕ್ಕದಂತಲ್ಲ. ಹತ್ತು ಹೆಚ್ಚಿದರೆ ಕಿವಿಗೆ ಸುಮಾರು ಎರಡು ಪಟ್ಟಾಗಿ ಕೇಳುತ್ತದೆ. ಒಳ್ಳೆಯ ನಿಯಮಗಳೇ. ಆದರೆ ನಮ್ಮ ವ್ಯಾಜ್ಯಕ್ಕೆ ಬಂದಾಗ ನೋಡಿ: ಕಾನೂನಿನ ರಾತ್ರಿ ಆರು ಗಂಟೆಗೆ ಮುಗಿಯುತ್ತದೆ, ಪಾಳಿಯವನ ರಾತ್ರಿ ಏಳೂವರೆಗೆ ಆರಂಭವಾಗುತ್ತದೆ. ಅವನ ನಿದ್ರೆ ಹಗಲಿನ ಮಿತಿಯ ಪಾಲಿಗೆ ಬಿದ್ದಿದೆ. ಹುಡುಗಿ ನಿಯಮವನ್ನು ಮೀರದೆಯೇ ಅವನ ನಿದ್ರೆಯನ್ನು ಕೆಡಿಸಬಹುದು. ಅವನು ಠಾಣೆಯಲ್ಲಿ ಸೋತು ಕಾರ್ಖಾನೆಯಲ್ಲಿ ಬೆರಳು ಕಳೆದುಕೊಳ್ಳಬಹುದು. ಕಾನೂನಿಗೆ ಕಾಣದ ಈ ಎಡೆಯಲ್ಲಿಯೇ ಧರ್ಮದ ಕೆಲಸ ಇರುವುದು.

ಈ ಪ್ರಶ್ನೆ ಪಶ್ಚಿಮದ ಮಹಾತತ್ತ್ವಜ್ಞನೊಬ್ಬನನ್ನೂ ಕಾಡಿತ್ತು. ಕೋನಿಗ್ಸ್‌ಬರ್ಗ್ ನಗರದಲ್ಲಿ ಇಮ್ಯಾನುಯೆಲ್ ಕಾಂಟನ ಮನೆಯ ಸಮೀಪ ಸೆರೆಮನೆಯಿತ್ತು. ಅಲ್ಲಿಯ ಕೈದಿಗಳು ಗಟ್ಟಿಯಾಗಿ ಭಕ್ತಿಗೀತೆ ಹಾಡುತ್ತಿದ್ದರು. ಚಿಂತನೆ ಕೆಡುತ್ತದೆಂದು ಕಾಂಟನು 1784ರಲ್ಲಿ ನಗರದ ಮುಖ್ಯಸ್ಥನಿಗೆ ಪತ್ರ ಬರೆದು, ಹಾಡುವಾಗ ಕಿಟಕಿಯನ್ನಾದರೂ ಮುಚ್ಚಿಕೊಳ್ಳಲಿ ಎಂದು ಕೇಳಿದನು. ಆರು ವರ್ಷಗಳ ಮೇಲೆ ತನ್ನ ಸೌಂದರ್ಯಮೀಮಾಂಸೆಯ ಗ್ರಂಥದಲ್ಲಿ ಸಂಗೀತಕ್ಕೆ ನಾಗರಿಕ ಮರ್ಯಾದೆ ಸಾಲದೆಂದು ಬರೆದ. ಬೇಡದವರನ್ನೂ ಅದು ಬಿಡದೆ ತಲಪುತ್ತದೆ, ಜೇಬಿನಿಂದ ತೆಗೆದ ಅತ್ತರಿನ ಕರವಸ್ತ್ರದ ವಾಸನೆಯಂತೆ ಎಂಬುದು ಅವನ ಹೋಲಿಕೆ. ಚಿತ್ರ ಬೇಡವಾದರೆ ಮುಖ ತಿರುಗಿಸಬಹುದು, ಕಿವಿಗೆ ರೆಪ್ಪೆಯಿಲ್ಲ. ಹೋಲಿಕೆ ಸತ್ಯವೆಂದು ನಾವೂ ಒಪ್ಪುತ್ತೇವೆ. ಆದರೆ ಆ ಸೆರೆಮನೆಯವರಿಗೆ ಹಾಡನ್ನು ಬಿಟ್ಟರೆ ಬೇರೇನಿತ್ತು ಎಂಬ ಪ್ರಶ್ನೆ ಮೈಸೂರಿನಲ್ಲಿ ಆ ಗ್ರಂಥವನ್ನು ಓದುತ್ತಿದ್ದ ಕಾಲದಲ್ಲಿಯೇ ನಮ್ಮನ್ನು ಚುಚ್ಚಿತ್ತು, ಈಗಲೂ ಚುಚ್ಚುತ್ತದೆ.

ವಾಸನೆಯ ಮಾತಿನಿಂದ ನಮ್ಮ ಪುರಾಣದ ಒಂದು ಕಥೆ ನೆನಪಾಗುತ್ತದೆ. ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನವರಿಗೆ ಈರುಳ್ಳಿಯೆಂದರೆ ಬಲು ಪ್ರೀತಿ. ಬಸವಣ್ಣನವರು ಒಮ್ಮೆ ಈರುಳ್ಳಿಯನ್ನು ಹೀನಾಯವಾಗಿ ಆಡಿದರು. ನೊಂದ ಬೊಮ್ಮಯ್ಯನವರು ಕಲ್ಯಾಣವನ್ನೇ ತೊರೆದು ನಡೆದರು. ಆಗ ಬಸವಣ್ಣನವರು ಈರುಳ್ಳಿಗೆ ವಾಸನೆಯಿದೆಯೋ ಇಲ್ಲವೋ ಎಂದು ವಾದಕ್ಕೆ ನಿಲ್ಲಲಿಲ್ಲ. ಅದಕ್ಕೆ ಗೌರವ ಸಲ್ಲಿಸಿ, ತಾವೇ ಮುಂದಾಗಿ ಶರಣನನ್ನು ಹಿಂದಕ್ಕೆ ಕರೆತಂದರು. ಬಸವಣ್ಣನವರಿಗೆ ಈರುಳ್ಳಿ ರುಚಿಸಲೇಬೇಕೆಂದು ಕಥೆ ಹೇಳುವುದಿಲ್ಲ. ಆಡಿದ ಮಾತು ಹಿಂದಕ್ಕೆ ಹೋಗಬೇಕಾಗಿತ್ತು, ಅಷ್ಟೇ.

ಈ ಎರಡನ್ನೂ ಮುಂದಿಟ್ಟುಕೊಂಡು ನಾವು ಇಬ್ಬರನ್ನೂ ಒಟ್ಟಿಗೆ ಕರೆಸಿದೆವು. ಮೊದಲು ಸೋಲಬೇಕಾದವರು ನುಡಿಸುವ ಮನೆಯವರೇ ಎಂಬುದು ನಮ್ಮ ಅಭಿಪ್ರಾಯ. ಸದ್ದು ಇವರ ಮನೆಯಿಂದ ಅವರ ಮನೆಗೆ ಹೋಗುತ್ತದೆ. ಅವರ ನಿದ್ರೆ ಇವರ ಮನೆಗೆ ಬಂದು ಯಾರನ್ನೂ ಕಾಡುವುದಿಲ್ಲ. ಮೂರು ವರ್ಷಗಳಲ್ಲಿ ಉಪಾಧ್ಯಾಯರು ಒಮ್ಮೆಯೂ ಪಕ್ಕದ ಮನೆಗೆ ಹೋಗಿ, ನಿಮಗೆ ಯಾವ ವೇಳೆ ಅನುಕೂಲವೆಂದು ಕೇಳಿರಲಿಲ್ಲ. ಆದರೆ ಸೋಲಬೇಕಾದದ್ದು ವೇಳೆಯಲ್ಲಿ, ವಿದ್ಯೆಯಲ್ಲಲ್ಲ. ದೂರುವವನಿಗೂ ಮರ್ಯಾದೆಯುಂಟು: ಅವನು ಗಂಟೆಯನ್ನು ಕುರಿತು ದೂರಬಹುದು, ಹುಡುಗಿಯ ಕೈಯನ್ನು ಕುರಿತು ಆಡಬಾರದು. ನಿದ್ದೆಗೆಟ್ಟವನ ದೂರು ನ್ಯಾಯ. ನಾಯಿಯ ಬಾಲದ ಮಾತು ಆ ನ್ಯಾಯವನ್ನೂ ಕೆಡಿಸಿತು. ಎಳೆಯ ಕಲಿಕೆಗೆ ಚರ್ಮ ತೆಳು.

ಇದನ್ನೆಲ್ಲ ಕೇಳಿಸಿಕೊಂಡ ಆತ ತಲೆ ತಗ್ಗಿಸಿಯೇ ಒಂದು ಮಾತು ಕೇಳಿದ: "ತಪ್ಪು ತಿಳೀಬೇಡಿ ಬುದ್ಧೀ. ಹಗಲುಪಾಳಿ ಇರೋ ವಾರ ಬೆಳಿಗ್ಗೆ ಐದು ಗಂಟೆಗೆ ಮಠದ ಮೈಕು ಏಳಿಸ್ತದೆ. ಅದನ್ನ ಯಾರ ಹತ್ತಿರ ಹೇಳೋದು?"

ನಮಗೆ ಉತ್ತರವಿರಲಿಲ್ಲ. ಮದ್ರಾಸಿನ ಪ್ರಾರ್ಥನಾ ಮಂದಿರವೊಂದರ ಧ್ವನಿವರ್ಧಕ ಮತ್ತು ಡೋಲುಗಳ ವಿರುದ್ಧ ಬಡಾವಣೆಯವರು ಹೂಡಿದ ಮೊಕದ್ದಮೆಯಲ್ಲಿ, ನೆರೆಯವರ ಶಾಂತಿ ಕೆಡಿಸಿ ಪ್ರಾರ್ಥಿಸೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ ಹೇಳಿತ್ತು. ಆ ತೀರ್ಪನ್ನು ನಾವು ಓದಿದ್ದೆವು. ಅದು ಅನ್ಯರಿಗೆ ಹೇಳಿದ್ದೆಂದು ಓದಿದ್ದೆವು. ಹುಡುಗಿಯ ಪಿಟೀಲು ಎರಡು ಮನೆಗಳಾಚೆಗೆ ಕೇಳದು. ನಮ್ಮ ಕೊಂಬಿನ ಮೈಕು ಕಾನೂನಿನ ರಾತ್ರಿ ಮುಗಿಯುವ ಮೊದಲೇ ಒಂದು ಬಡಾವಣೆಯನ್ನಿಡೀ ಎಬ್ಬಿಸುತ್ತಿತ್ತು. ಹದಿನೈದು ದಿನಗಳಲ್ಲಿ ಅದನ್ನು ಗೋಪುರದಿಂದ ಇಳಿಸಿ, ಪ್ರಾರ್ಥನೆಯನ್ನು ಸಭಾಂಗಣದೊಳಗಿನ ಚಿಕ್ಕ ಪೆಟ್ಟಿಗೆಗೆ ಒಪ್ಪಿಸಿದೆವು. ಇದರಿಂದ ಮಠದ ಕಳೆ ಕುಂದಿತೆಂದು ಕೆಲವು ಹಿರಿಯ ಭಕ್ತರು ನಮ್ಮೊಡನೆ ಇಂದಿಗೂ ಮುನಿಸಿಕೊಂಡಿದ್ದಾರೆ.

ಆ ಎರಡು ಮನೆಗಳ ಏರ್ಪಾಡು ಸರಳವಾದದ್ದು. ಆತ ತನ್ನ ಪಾಳಿಯ ಪಟ್ಟಿಯನ್ನು ಪ್ರತಿ ಭಾನುವಾರ ಒಂದು ಚೀಟಿಯಲ್ಲಿ ಬರೆದು ಕೊಡುತ್ತಾನೆ. ರಾತ್ರಿಪಾಳಿಯ ವಾರಗಳಲ್ಲಿ ಹುಡುಗಿ ಸಂಜೆ ಐದರಿಂದ ಏಳರವರೆಗೆ ನುಡಿಸುತ್ತಾಳೆ. ಉಳಿದ ವಾರಗಳಲ್ಲಿ ಬೆಳಿಗ್ಗೆ. ಅಭ್ಯಾಸ ಆಚೆಯ ಬದಿಯ ಕೋಣೆಗೆ ಹೋಯಿತು. ಪರೀಕ್ಷೆ ಸಮೀಪಿಸಿ ಹೆಚ್ಚು ಹೊತ್ತು ಬೇಕಾದಾಗ ಪಿಟೀಲಿನ ಕುದುರೆಯ ಮೇಲೆ ಕೂರಿಸುವ ಮ್ಯೂಟನ್ನು ಹಾಕಿಕೊಳ್ಳುತ್ತಾಳೆ. ನಾದ ಮಂಕಾಗುತ್ತದೆ, ಬೆರಳಿನ ಪಾಠಕ್ಕೆ ಸಾಕು. ಗೌರಿಹಬ್ಬದ ಮರುದಿನ ಆತ ಹೆಂಡತಿಯೊಡನೆ ಆ ಮನೆಗೆ ಹೋಗಿ, ಆಡಿದ ಮಾತು ತಪ್ಪಾಯಿತೆಂದು ಹುಡುಗಿಯ ಎದುರಿಗೇ ಹೇಳಿದನು. ಆಕೆ ಏನೂ ಮಾತನಾಡದೆ ಒಳಗೆ ಹೋದಳಂತೆ.

ಮೊನ್ನೆ ಉಪಾಧ್ಯಾಯರು ಬಂದಿದ್ದರು. ಹೇಗಿದೆಯೆಂದು ವಿಚಾರಿಸಿದೆವು. ಮಗಳು ವರ್ಣಗಳಿಗೆ ಬಂದಿದ್ದಾಳೆ, ಗುರುಗಳಿಗೂ ತೃಪ್ತಿಯಾಗಿದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಬುದ್ಧೀ, ಪಕ್ಕದವರು ಊರಿಗೆ ಹೋಗಿದ್ದಾಗಲೂ ಕಿಟಕಿ ಮುಚ್ಚಿಕೊಂಡೇ ನುಡಿಸ್ತಾಳೆ" ಎಂದರು.